ಹ್ಯಾಂಡಲಮ್ಮನ ಬೆಳಗಿನ ಕೆಲಸ

ಅಳಿಯ ಎನಿಸಿಕೊಂಡವನು ಅತ್ತೆ ಮನೆಯ ಮುಂದೆ ಯಾವ ಭಂಗಿಯಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಎರಡೂ ಕಾಲು ಮೇಲೆ ಮಾಡಿಕೊಂಡು ಬಕೆಟ್ಟಿನಲ್ಲಿ ಕೂತ ಭಂಗಿಯಲ್ಲಿ ಮಾತ್ರ ಕಾಣಿಸಿಕೊಳ್ಳಬಾರದು. ವಿಮಾ ಕಚೇರಿಯಲ್ಲಿ ಹೆಡ್ ಗುಮಾಸ್ತನಾಗಿ, ಹನ್ನೆರಡು ವರ್ಷದಿಂದ ಈ ಮನೆಯ ಒಬ್ಬನೇ ಅಳಿಯನಾಗಿ ಜತನದಿಂದ ಕಾಪಾಡಿಕೊಂಡು ಬಂದಿದ್ದ ಮರ್ಯಾದೆಯನ್ನು ಅವನು ಆ ಶನಿವಾರ ಬೆಳಿಗ್ಗೆ ಒಂದೇ ಏಟಿಗೆ ಕಳೆದುಕೊಂಡ.

ಆದದ್ದಿಷ್ಟು. ಅತ್ತೆಯ ಶೆಡ್ಡಿನಲ್ಲಿದ್ದ ಹಳೆಯ ಕಾರನ್ನು ನೋಡಲು ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಕೆಲವರು ಪಾರಿವಾಳ ಸಾಕುವಂತೆ ಅವರು ಹಳೆಯ ಕಾರು ಸಾಕುತ್ತಿದ್ದರು. "ಅತ್ತೇ, ನೀವು ಸುಮ್ನೆ ಕೂತ್ಕೊಳ್ಳಿ, ನಾನಿದೀನಲ್ಲ" ಎಂದು ಅಳಿಯ ಅಂಗಿಯ ತೋಳು ಮಡಚಿದ. ಕಾರಿನ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಬೆರಳೈದನ್ನೂ ಸುತ್ತಿ ಭದ್ರವಾಗಿ ಹಿಡಿದು, ಉಸಿರು ಕಟ್ಟಿ ತಿರುಗಿಸಿದ. ಇಂಜಿನ್ ಒಂದು ಸಲ ಕೆಮ್ಮಿತು. ಮರುಕ್ಷಣವೇ ಹ್ಯಾಂಡಲ್ ಹಿಂದಕ್ಕೆ ಒದ್ದು, ಅವನ ಹೆಬ್ಬೆರಳನ್ನು ತಿರುಚಿ, ಅವನನ್ನು ಎತ್ತಿ ಬಟ್ಟೆ ನೆನೆಹಾಕಿದ್ದ ಬಕೆಟ್ಟಿನಲ್ಲಿ ಕೂರಿಸಿತು. ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಟ್ಟ ಸದ್ದು ಇಂಜಿನ್ನಿನ ಸದ್ದಿಗಿಂತ ಜೋರಾಗಿತ್ತು.

"ಅಳಿಯಂದ್ರೇ, ಹೋಗೋವಾಗ ಪ್ಯಾಂಟು ಕೊಟ್ಟು ಹೋಗಿ, ಹೊಲಿದಿಟ್ಟಿರ್ತೀನಿ" ಎಂದ ಎದುರು ಅಂಗಡಿಯ ಟೈಲರ್. ಇಡೀ ಬೀದಿ ನಕ್ಕಿತು. ಡಾಕ್ಟರು ಮಾತ್ರ ಹಲ್ಲು ಕಾಣದಂತೆ ನಕ್ಕರು, ವೃತ್ತಿಯ ಅಭ್ಯಾಸವಿರಬೇಕು.

ಅತ್ತೆ ನಗಲಿಲ್ಲ. ಅಳಿಯನ ಕೈಯನ್ನು ತಿರುಗಿಸಿ, ಮಡಚಿ ನೋಡಿದಳು. "ಮುರಿದಿಲ್ಲ. ಹೆಬ್ಬೆರಳು ಯಾಕೆ ಸುತ್ತಿದ್ರಿ? ಅದು ಬೇರೆ ಬೆರಳುಗಳ ಪಕ್ಕದಲ್ಲೇ ಇರ್ಬೇಕು. ಒದ್ದರೆ ಹ್ಯಾಂಡಲ್ ಜಾರಿ ಹೋಗತ್ತೆ, ಕೈ ಉಳಿಯತ್ತೆ."

ಇದು ಅವಳಿಗೆ ಅವಳ ಗಂಡ ಕಲಿಸಿದ ಪಾಠ. ಅವನು ಕಲಿತದ್ದು ಮಣಿಕಟ್ಟು ಮುರಿದುಕೊಂಡು. ಮದುವೆಯಾದ ಎರಡನೇ ವರ್ಷ ಈ ಕಾರೇ ಅವನ ಬಲಗೈಯನ್ನು ಒದ್ದು ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಸ್ಟಿಯರಿಂಗ್ ಹಿಡಿಯಬಲ್ಲ ಕೈ, ಹ್ಯಾಂಡಲ್ ತಿರುಗಿಸಲಾರದಾಯಿತು. ಟ್ಯಾಕ್ಸಿ ಓಡಿಸಿ ಬದುಕುವವನು ಕಾರನ್ನು ಹೊರಡಿಸಲಾರದೆ ಮನೆಯಲ್ಲಿ ಕೂತ ಹತ್ತನೇ ದಿನ, ಹೆಂಡತಿ ಸೆರಗು ಸಿಕ್ಕಿಸಿ ಕಾರಿನ ಮುಂದೆ ಹೋಗಿ ನಿಂತಳು. "ಹೇಳಿ, ಹೇಗೆ ಮಾಡೋದು?"

ಆಮೇಲೆ ಮೂವತ್ತೊಂದು ವರ್ಷ ಬೆಳಿಗ್ಗೆ ಆರು ಗಂಟೆಗೆ ಅದೇ ಕೆಲಸ. ಅವನು ಸೀಟಿನಲ್ಲಿ, ಅವಳು ಮೂತಿಯ ಮುಂದೆ. ಸ್ವಿಚ್ಚು ಹಾಕದೆಯೇ ಅವಳು ಮೂರು ಅರೆಸುತ್ತು ತಿರುಗಿಸಿ ಇಂಜಿನ್ನಿಗೆ ಪೆಟ್ರೋಲು ಕುಡಿಸುವಳು. ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುವಳು. ಅವನು ಸ್ವಿಚ್ಚು ಹಾಕಿ, ಸ್ಟಿಯರಿಂಗ್ ಬುಡದ ಸಣ್ಣ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳಿ ಹಿಡಿಯುವನು. ಹಾಗೆ ಹಿಡಿದರೆ ಹ್ಯಾಂಡಲ್ ಒದೆಯುವುದಿಲ್ಲ. ಆಗ ಅವಳು ತಲೆಯೆತ್ತಿ ಗಾಜಿನೊಳಗಿನ ಅವನನ್ನು ನೋಡುವಳು. ಅವನು "ಹೆಬ್ಬೆರಳು!" ಎನ್ನುವನು. ಅವಳು ಎಳೆಯುವಳು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಆ ಮಾತು ತಪ್ಪಿರಲಿಲ್ಲ. ಬೇರೆ ಗಂಡಂದಿರು ಹೆಂಡತಿಗೆ ಇದಕ್ಕಿಂತ ಚೆಂದದ ಮಾತು ಆಡಿರಬಹುದು, ಆದರೆ ದಿನಾ ಆಡಿದವರು ಕಡಿಮೆ.

ಇಂಜಿನ್ ಶುರುವಾದರೆ ಸಂಜೆ ಮನೆಗೆ ಬರುವವರೆಗೆ ಅವನು ಆರಿಸುವಂತಿರಲಿಲ್ಲ. ಎಲ್ಲಾದರೂ ತಾನಾಗಿ ನಿಂತರೆ ಬೇರೆ ಯಾರಿಗೂ ಹ್ಯಾಂಡಲ್ ಕೊಡುತ್ತಿರಲಿಲ್ಲ. "ಒಬ್ಬರ ಕೈ ಹೋಗಿದ್ದು ಸಾಕು" ಎಂದು ಯಾರಲ್ಲಾದರೂ ಮನೆಗೆ ಹೇಳಿ ಕಳಿಸುವನು. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಹ್ಯಾಂಡಲನ್ನು ಕೊಡೆಯ ಹಾಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದು ಹೊರಡುವಳು. ಕೋರ್ಟಿನ ಮೆಟ್ಟಿಲ ಎದುರು, ರೈಲು ನಿಲ್ದಾಣದ ಎದುರು, ಒಮ್ಮೆ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ಒಳಗಿಟ್ಟುಕೊಂಡು ಸೇತುವೆಯ ಮೇಲೆ. ಊರಿನವರು ಅವಳಿಗೆ ಹ್ಯಾಂಡಲಮ್ಮ ಎಂದು ಹೆಸರಿಟ್ಟರು. ಅವಳು ಒಂದು ಸಲ ಎಳೆಯುವಳು, ಕಾರು ಹೊರಡುವುದು. ಒಳಗೆ ಬಾಡಿಗೆಯ ಜನವಿರುತ್ತಿದ್ದರು, ಅವಳಿಗೆ ಜಾಗವಿರುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ವಾಪಸು ನಡೆಯುವಳು.

"ಎಷ್ಟು ದಿನ ಹೀಗೆ ಓಡಾಡ್ತೀಯಮ್ಮಾ? ಅಪ್ಪಂಗೆ ಹೊಸ ಗಾಡಿ ತಗೊಳ್ಳೋಕೆ ಹೇಳು" ಎಂದು ಮಗಳು ರೇಗಿದರೆ, "ಹೊಸದು ಬಂದ್ರೆ ಅವರು ನನ್ನ ಯಾಕೆ ಕರೀತಾರೆ?" ಎನ್ನುವಳು. ಅದನ್ನು ತಮಾಷೆ ಎಂದುಕೊಂಡು ಮಗಳೂ ಅಳಿಯನೂ ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಈ ಟೈಲರೇ ಪೇಟೆಯಿಂದ ಓಡಿ ಬಂದಿದ್ದ. "ಅಕ್ಕಾ, ಬೇಗ ಬನ್ನಿ. ಗಡಿಯಾರದ ಕಂಬದ ಹತ್ರ." ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳು ಎಂದಿನಂತೆ ಮೂಲೆಯಲ್ಲಿದ್ದ ಹ್ಯಾಂಡಲ್ ತೆಗೆದುಕೊಂಡಳು. ಅದು ಬೇಡ ಎನ್ನಲೂ ಅವನಿಗೆ ಧೈರ್ಯ ಸಾಲಲಿಲ್ಲ. "ಚೋಕ್ ಎಳೆದಿಟ್ಟು ಮರೆತಿರ್ತಾರೆ, ವಯಸ್ಸಾಯ್ತಲ್ಲ" ಎಂದು ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತಲೇ ನಡೆದಳಂತೆ.

ಗಡಿಯಾರದ ಕಂಬದ ಹತ್ತಿರ ಜನ ಸುತ್ತುಗಟ್ಟಿದ್ದರು. ಅವಳ ಕೈಯಲ್ಲಿದ್ದದ್ದನ್ನು ನೋಡಿ ದಾರಿ ಬಿಟ್ಟರು. ಕಾರಿನ ಇಂಜಿನ್ ಓಡುತ್ತಲೇ ಇತ್ತು. ಎಷ್ಟು ನಯವಾಗಿ ಎಂದರೆ, ಬಾನೆಟ್ಟಿನ ಮೇಲೆ ಲೋಟದ ತುಂಬ ನೀರಿಟ್ಟರೂ ತುಳುಕುತ್ತಿರಲಿಲ್ಲ. ಅವನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟಿದ್ದ. ಯಾರಿಗೂ ಇಂಜಿನ್ ಆರಿಸಲು ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಅವನನ್ನು ದಾಟಿ ಕೈ ಹಾಕಲು ಮನಸ್ಸಾಗಿರಲಿಲ್ಲ. ಅವಳು ಹ್ಯಾಂಡಲನ್ನು ಟೈಲರನ ಕೈಗೆ ಕೊಟ್ಟು, ಗಂಡನ ತೊಡೆಯ ಮೇಲಿಂದ ಬಾಗಿ, ಸ್ವಿಚ್ಚು ತಿರುಗಿಸಿದಳು. ಸಾವಿರಾರು ಸಲ ಹೊರಡಿಸಿದ್ದ ಕಾರನ್ನು ಅವಳು ನಿಲ್ಲಿಸಿದ್ದು ಅದೇ ಮೊದಲು.

ಆಮೇಲೂ ದಿನಾ ಬೆಳಿಗ್ಗೆ ಆರಕ್ಕೆ ಶೆಡ್ಡಿನಿಂದ ಸದ್ದು ಬರುತ್ತಿತ್ತು. ಓಡಿಸಲು ಅವಳಿಗೆ ಬಾರದು. ಸ್ವಿಚ್ಚು ಹಾಕಿ, ಲಿವರನ್ನು ತಾನೇ ಮೇಲಕ್ಕೆ ತಳ್ಳಿ ದಾರದಿಂದ ಕಟ್ಟಿ, ಮುಂದೆ ಬಂದು ಎಳೆದು, ಐದು ನಿಮಿಷ ಪಕ್ಕದಲ್ಲಿ ನಿಂತು, ಆರಿಸಿ ಒಳಗೆ ಹೋಗುವಳು. ಬೀದಿಯ ಜನ ಗಡಿಯಾರಕ್ಕೆ ಕೀ ಕೊಡುವುದನ್ನೇ ಬಿಟ್ಟಿದ್ದರು.

ಈಗ ರಸ್ತೆ ಅಗಲವಾಗುತ್ತಿದೆ. ಬರುವ ವಾರ ಶೆಡ್ಡು ಒಡೆಯುತ್ತಾರೆ. ಮಗಳ ಮನೆ ಎರಡನೇ ಮಹಡಿಯಲ್ಲಿ. ಅಲ್ಲಿಗೆ ಅತ್ತೆಯನ್ನು ಹತ್ತಿಸಬಹುದು, ಕಾರನ್ನು ಹತ್ತಿಸಲಾಗದು. ಡಾಕ್ಟರನ್ನು ಕರೆಸಿದ್ದು ಅದಕ್ಕೆ.

ಅವರು ಗಡಿಯಾರ ನೋಡಿಕೊಂಡರು. "ಸ್ಟಾರ್ಟ್ ಆಗಿದ್ರೆ ಹೀಗೇ ಇಟ್ಕೊಂಡು ಓಡಿಸ್ತಿದ್ದೆ. ಆಗದೇ ಇದ್ರೆ ನನಗೆ ಇದರ ಬಾಗಿಲು, ದೀಪ ಸಾಕು, ಇನ್ನೊಂದು ಕಾರಿಗೆ ಬೇಕಾಗಿದೆ. ಉಳಿದದ್ದು ಗುಜರಿಗೆ. ಸೋಮವಾರ ಲಾರಿ ಕಳಿಸ್ಲಾ?"

ಅಳಿಯ ಹಿಂಬದಿಗೆ ಟವೆಲ್ ಸುತ್ತಿಕೊಂಡು ಅತ್ತೆಯ ಮುಖ ನೋಡಿದ. ಹೇಗೂ ಕಾರು ಅವಳಿಗೆ ಉಳಿಯುವುದಿಲ್ಲ. ಅದನ್ನು ನಿಮ್ಮ ಕೈಯಾರೆ ಹೊರಡಿಸಿ ಬೇರೆಯವರ ಜೊತೆ ಕಳಿಸಿ ಎಂದು ಯಾವ ಬಾಯಲ್ಲಿ ಹೇಳುವುದು?

ಅತ್ತೆ ಎದ್ದಳು. ಬಿದ್ದಿದ್ದ ಹ್ಯಾಂಡಲನ್ನು ಎತ್ತಿ ಒರೆಸಿದಳು. "ಒಳಗೆ ಕೂತ್ಕೊಳ್ಳಿ" ಎಂದಳು ಅಳಿಯನಿಗೆ. "ನಾನು ತಟ್ಟಿದಾಗ ಸ್ವಿಚ್ಚು ಹಾಕಿ. ಆ ಲಿವರು ಪೂರ್ತಿ ಮೇಲಿರಲಿ, ಬಿಡಬೇಡಿ."

"ನಾನಾ? ಆ ಸೀಟಲ್ಲಾ?"

"ಮತ್ತೆ ನನ್ನ ತಲೆ ಮೇಲೆ ಕೂರ್ತೀರಾ? ಹತ್ತಿ."

ಅವನು ಹತ್ತಿ ಕೂತ. ಸೀಟಿನಲ್ಲಿ ಬೇರೊಬ್ಬರ ಮೈಯ ತಗ್ಗು ಇನ್ನೂ ಇತ್ತು. ಗಾಜಿನಾಚೆ ಅತ್ತೆಯ ಬೈತಲೆ ಮಾತ್ರ ಕಾಣಿಸಿತು, ನಡುವಿನ ಗೆರೆಯ ಎರಡೂ ಕಡೆ ಬೆಳ್ಳಗೆ. ಮಾವ ಇದನ್ನೇ ನೋಡಿದ್ದ, ಕಪ್ಪಾಗಿದ್ದಾಗಿನಿಂದ. ಒಂದು ಅರೆಸುತ್ತು. ಎರಡು. ಮೂರು. ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದ ಸದ್ದು. ಅವನು ಸ್ವಿಚ್ಚು ಹಾಕಿ, ಬಾತ ಬೆರಳಿನಿಂದಲೇ ಲಿವರನ್ನು ಒತ್ತಿ ಹಿಡಿದ.

ಅತ್ತೆ ತಲೆಯೆತ್ತಿದಳು.

ಗಾಜಿನೊಳಗೆ ನೋಡಿದಳು. ಆ ನೋಟ ಅಳಿಯನಿಗೆ ಸೇರಿದ್ದಲ್ಲ. ತಪ್ಪು ವಿಳಾಸಕ್ಕೆ ಬಂದ ಕಾಗದವನ್ನು ಒಡೆದು ಓದಿದಂತೆ ಅವನಿಗೆ ನಾಚಿಕೆಯಾಯಿತು. ಅವಳು ಕಾಯುತ್ತಿದ್ದಳು. ಏನನ್ನು ಎಂದು ಅವನಿಗೆ ಗೊತ್ತಿತ್ತು. ಆ ಒಂದು ಮಾತು ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಅವಳ ತುಟಿ ತಾನೇ ಅಲುಗಿದ್ದು ಕಂಡಿತು. ಹೆಬ್ಬೆರಳು.

ಎಳೆದಳು. ಒಂದೇ ಎಳೆತಕ್ಕೆ ಇಂಜಿನ್ ಹಿಡಿಯಿತು.

ಡಾಕ್ಟರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಈ ಸಲ ಹಲ್ಲೆಲ್ಲ ಕಾಣಿಸಿತು. ಅಳಿಯ ಇಳಿದು ಸೀಟು ಬಿಟ್ಟುಕೊಟ್ಟ. "ಬನ್ನಿ ಅಮ್ಮಾ, ಒಂದು ಸುತ್ತು ಹೋಗಿ ಬರೋಣ. ಮುಂದಿನ ಸೀಟಲ್ಲೇ ಕೂತ್ಕೊಳ್ಳಿ" ಎಂದರು ಡಾಕ್ಟರು.

"ಇಲ್ಲಪ್ಪಾ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಹಾಲಿರಲಿಲ್ಲ. ಮನೆಯಲ್ಲಿದ್ದಷ್ಟನ್ನೂ ಅಳಿಯನೇ ಬೆಳಿಗ್ಗೆ ಎರಡು ಲೋಟ ಟೀ ಮಾಡಿಸಿಕೊಂಡು ಮುಗಿಸಿದ್ದ.

ಅವಳು ಹ್ಯಾಂಡಲನ್ನು ಒರೆಸುವ ಬಟ್ಟೆಯ ಸಮೇತ ಹಿಂದಿನ ಸೀಟಿನ ಮೇಲೆ ಇಟ್ಟಳು. ಕಾರು ಬೀದಿಯ ತಿರುವು ದಾಟಿತು. ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಕೇಳಿಸಿದಂತಾಯಿತು, ಆಮೇಲೆ ಅದೂ ಇಲ್ಲ. ಟೈಲರ್ ಮೆಷಿನ್ ತುಳಿಯುವುದನ್ನು ನಿಲ್ಲಿಸಿ ತಲೆತಗ್ಗಿಸಿ ಕೂತಿದ್ದ. ಶೆಡ್ಡಿನ ನೆಲದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಅತ್ತೆ ಬಕೆಟ್ಟಿನ ನೀರನ್ನು ಅದರ ಮೇಲೆ ಸುರಿದು ಪೊರಕೆಯಿಂದ ಉಜ್ಜತೊಡಗಿದಳು. ಅದು ಹೋಗುವಂಥದ್ದಾಗಿರಲಿಲ್ಲ, ಉಜ್ಜುತ್ತಲೇ ಇದ್ದಳು.

ಏನಾದರೂ ಸಮಾಧಾನ ಹೇಳಬೇಕೆಂದು ಅಳಿಯ ತಡಕಾಡಿದ. ವಿಮಾ ಕಚೇರಿಯಲ್ಲಿ ಇಂಥ ಹೊತ್ತಿಗೆಂದು ಅಚ್ಚು ಹಾಕಿಸಿಟ್ಟ ಕಾಗದವಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟ:

"ಅತ್ತೇ, ನಾಳೆಯಿಂದ ಬೆಳಿಗ್ಗೆ ಆರು ಗಂಟೆಗೆ ಏನ್ ಮಾಡ್ತೀರಿ?"

ಅತ್ತೆ ಪೊರಕೆ ನಿಲ್ಲಿಸದೆ ಹೇಳಿದಳು:

"ಏಳು ಗಂಟೆಗೆ ಏಳ್ತೀನಿ."