ಹೈಸುಲನ ನೆಲಹಾಸು

ಹೈಸುಲನ ಮನೆಯ ಅಂಗಳದಲ್ಲಿ ಎರಡು ತಂತಿಗಳಿದ್ದವು. ಒಂದರ ಮೇಲೆ ಬಟ್ಟೆ ಒಣಗುತ್ತಿತ್ತು. ಇನ್ನೊಂದರ ಮೇಲೆ ಟಾರ್ಪಾಲುಗಳು, ಟೆಂಟಿನ ಕೆಳಗೆ ಹಾಸುವ ನೆಲಹಾಸುಗಳು ವರ್ಷವಿಡೀ ಒಣಗುತ್ತಿದ್ದವು. ನಾನು ಪಾಠ ಹೇಳುವ ಶಾಲೆಗೆ ಹೋಗಿಬರುವ ದಾರಿ ಆ ಅಂಗಳದ ಪಕ್ಕದಲ್ಲೇ ಇತ್ತು. ತಂತಿಯನ್ನು ನೋಡಿಯೇ ಅವನು ಬೆಟ್ಟದಿಂದ ಇಳಿದಿದ್ದಾನೆಯೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದೆ.

ತೈವಾನಿನ ತೆಂಕಣ ಬೆಟ್ಟಗಳ ಬುಡದಲ್ಲಿರುವ ನಮ್ಮ ಬುನುನ್ ಬುಡಕಟ್ಟಿನ ಊರಿನಲ್ಲಿ ಹೊರೆ ಹೊರುವವರು ಬಹಳ ಜನ. ತೈಪೆಯಿಂದ ಬೆಟ್ಟ ಹತ್ತಲು ಬರುವವರ ಅಕ್ಕಿ, ಪಾತ್ರೆ, ಟೆಂಟುಗಳನ್ನೆಲ್ಲ ಹಣೆಯ ಪಟ್ಟಿಗೆ ಸಿಕ್ಕಿಸಿಕೊಂಡು ಅವರಿಗಿಂತ ಮುಂಚೆ ಹತ್ತಬೇಕು. ಅವರು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಬಿಡಾರ ಹೂಡಿ ಶುಂಠಿ ಸಾರು ಕಾಯಿಸಿಡಬೇಕು. ಹೈಸುಲ ಈ ಕೆಲಸವನ್ನು ನಲವತ್ತು ವರ್ಷ ಮಾಡಿದ. ಹಣೆಯ ಮೇಲೆ ಪಟ್ಟಿಯ ಗುರುತು ಎರಡು ಬೆರಳಿನಷ್ಟು ಅಗಲವಾಗಿ ಕೂತಿತ್ತು.

ಅವನಿಗೆ ನೆಲಹಾಸಿನ ವಿಷಯದಲ್ಲಿ ಒಂದು ಹಟವಿತ್ತು. ನೆಲಹಾಸು ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ ಒಂದೊಂದು ಗೇಣು ಚಿಕ್ಕದಾಗಿರಬೇಕು. ದೊಡ್ಡದಿದ್ದರೆ ಅಂಚನ್ನು ಕೆಳಕ್ಕೆ ಮಡಿಸಬೇಕು. ಹೊರಗೆ ಚಾಚಿಕೊಂಡರೆ, ಟೆಂಟಿನ ಗೋಡೆಯಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು, ಮಲಗಿದವರ ಬೆನ್ನಿನ ಕೆಳಗೇ ಹರಿದುಹೋಗುತ್ತದೆ. ಇದನ್ನು ಅವನು ಎಷ್ಟು ಜನರಿಗೆ ಹೇಳಿದನೋ ಲೆಕ್ಕವಿಲ್ಲ.

ಒಮ್ಮೆ ಪಟ್ಟಣದವರೊಬ್ಬರು, "ಸ್ವಲ್ಪ ಆಚೆ ಇರ್ಲಿ ಬಿಡಪ್ಪ, ಬೂಟು ಇಡೋಕೆ ಜಾಗ ಆಗತ್ತೆ" ಎಂದರಂತೆ.

"ಆಗ್ಲಿ ಸ್ವಾಮಿ, ಬೂಟಿಗೆ ಒಳಗೆ ಹಾಸಿಗೆ ಹಾಕ್ತೀನಿ. ನೀವು ಆಚೆ ಮಲ್ಗಿ" ಎಂದು ಇವನು ಮಡಿಸುತ್ತಲೇ ಉತ್ತರಿಸಿದ್ದ.

ಅರವತ್ತು ದಾಟಿದ ಮೇಲೆ ಮೊಣಕಾಲು ಕೈಕೊಟ್ಟಿತು. ಬೆಟ್ಟ ಇಳಿದು ಬಂದರೆ ಎರಡು ದಿನ ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದ. ಆದರೂ ಕೆಲಸ ಬಿಡಲಿಲ್ಲ. ಒಂದು ಸಂಜೆ ನಾನು ಕಾರಣ ಕೇಳಿದಾಗ, ತಂತಿಯ ಮೇಲಿನ ನೆಲಹಾಸಿನ ಕೆಸರನ್ನು ಉಗುರಿನಿಂದ ಕೆರೆಯುತ್ತ ಹೇಳಿದ: "ಇನ್ನೊಂದ್ ಸಲ ಮೇಲಕ್ಕೆ ಹೋಗ್ಬೇಕು ಮೇಷ್ಟ್ರೇ. ಹಳೇ ಊರಿಗೆ. ಅಲ್ಲೀವರೆಗೂ ಈ ಕಾಲನ್ನ ಸುಮ್ನೆ ಕೂರಿಸೋ ಹಾಗಿಲ್ಲ. ಕೂತ್ರೆ ಮತ್ತೆ ಏಳಲ್ಲ."

ಹಳೆಯ ಊರೆಂದರೆ ಬೆಟ್ಟದ ನೆತ್ತಿಯ ಹತ್ತಿರವಿರುವ, ನಮ್ಮ ಹಿರಿಯರ ಕಲ್ಲುಮನೆಗಳ ಊರು. ಜಪಾನಿಯರ ಆಳ್ವಿಕೆಯಲ್ಲಿ ಅವರನ್ನೆಲ್ಲ ಅಲ್ಲಿಂದ ಎಬ್ಬಿಸಿ ಕೆಳಗೆ ಕೂರಿಸಿದರು. ಹೈಸುಲನ ತಾಯಿ ಆಗ ಹತ್ತು ವರ್ಷದ ಹುಡುಗಿ. ಮೂವತ್ತು ಮನೆಗಳು ಸೂರಿಲ್ಲದೆ ಕಾಡಿಗೆ ಬಿದ್ದವು. ಅವನು ಹೀಗೆ ಹೇಳುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು ಆ ಪಾಳುಮನೆಗಳನ್ನು ಗುರುತಿಸಲು ಒಂದು ತಂಡ ಹೋಯಿತು. ಬರೆದುಕೊಳ್ಳಲು ನನ್ನನ್ನು ಕರೆದರು, ಹೊರೆಗೆ ಹೈಸುಲನನ್ನು. ಅಲ್ಲಿ ಒಂದು ಮನೆಯ ಎದುರಿನ ಸಮತಟ್ಟಿನಲ್ಲಿ ನನ್ನ ಟೆಂಟು ಹೂಡಿ, ಮೇಲೆ ಟಾರ್ಪಾಲು ಕಟ್ಟಿದ. ನೆಲದಲ್ಲಿ ಗೂಟ ಇಳಿಯದು, ಅಡಿಯೆಲ್ಲ ಕಲ್ಲು. ಹಗ್ಗ ಬಿಗಿಯಲು ಭಾರ ಬೇಕಿತ್ತು. ಕಾಲಬಳಿಯ ನೆಲದಿಂದ ಒಂದು ಚಪ್ಪಡಿ ಎಬ್ಬಿಸಿದ. ಅದರ ಒಂದು ಮೂಲೆ ಅರ್ಧಚಂದ್ರದಂತೆ ಮುರಿದಿತ್ತು. ಹಗ್ಗ ಆ ಕಚ್ಚಿನಲ್ಲಿ ಜಾರದೆ ಕೂತಿತು. "ಟಾರ್ಪಾಲಿಗೇ ಮಾಡ್ಸಿಟ್ಟ ಹಾಗಿದೆ ನೋಡಿ" ಎಂದು ಅವನು ತೋರಿಸಿದ್ದು ನನಗೆ ನೆನಪಿದೆ.

ಹಿಂದೆ ನಮ್ಮವರಲ್ಲಿ, ಮನೆಯಲ್ಲಿ ನೆಮ್ಮದಿಯಾಗಿ ತೀರಿಕೊಂಡವರನ್ನು ಮನೆಯೊಳಗೇ, ಒಲೆಯ ಹತ್ತಿರ ಹೂಳಿ ಮೇಲೆ ಚಪ್ಪಡಿ ಮುಚ್ಚುತ್ತಿದ್ದರು. ಆದ್ದರಿಂದ ಮನೆಯೊಳಗಿನ ಕಲ್ಲನ್ನು ಮುಟ್ಟಬಾರದೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಮುಂದಿನ ಗೋಡೆ ಕುಸಿದು ಮಣ್ಣಾಗಿತ್ತು; ಹೊಸ್ತಿಲು, ಒಲೆ ಎಲೆ ಪಾಚಿಗಳಡಿ ಮುಚ್ಚಿಹೋಗಿದ್ದವು. ಒಳಗೋಡೆಯನ್ನೇ ಹೊರಗೋಡೆಯೆಂದು ತಿಳಿದು, ಟೆಂಟು ಹೂಡಿದ ಜಾಗ ಅಂಗಳವೆಂದೇ ನಂಬಿದೆವು.

ಹೈಸುಲನ ತಾಯಿ ಎಂಬತ್ತೆಂಟು ವರ್ಷ ಬದುಕಿದರು. ಕೊನೆಯ ಚಳಿಗಾಲದಲ್ಲಿ ಹಳೆಯ ಮನೆಯೊಂದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹೊಸ್ತಿಲಲ್ಲಿ ಬಿಳಿಯ ಕಲ್ಲು. ಒಲೆಯ ಬಲಗಡೆ ತಮ್ಮ ತಾಯಿ. ಅವರ ಮೇಲಿನ ಚಪ್ಪಡಿಯ ಮೇಲೆ ತಾವು ಚಿಕ್ಕಂದಿನಲ್ಲಿ ನವಣೆ ಕುಟ್ಟುವ ಒನಕೆ ಬೀಳಿಸಿ ಒಂದು ಮೂಲೆ ಮುರಿದದ್ದು, ಅಪ್ಪ ಬೈದದ್ದು. ಮುರಿದ ಮೂಲೆ ಹೇಗಿತ್ತೆಂದು ಆಕೆ ಹೆಬ್ಬೆರಳು ತೋರುಬೆರಳನ್ನು ಅರ್ಧಚಂದ್ರದಂತೆ ಬಾಗಿಸಿ ತೋರಿಸಿದಾಗ ಹೈಸುಲ ಎದ್ದು ಅಂಗಳಕ್ಕೆ ಬಂದನಂತೆ. ತಾಯಿಗೆ ಏನೂ ಹೇಳಲಿಲ್ಲ. ನನಗೆ ಹೇಳಿದ್ದು ಆಕೆ ಹೋದ ಮೇಲೆ.

"ಅಜ್ಜಿ ಮೇಲಿನ ಕಲ್ಲು ಕಿತ್ತು ಟಾರ್ಪಾಲಿಗೆ ಕಟ್ಟಿದೀನಿ ಮೇಷ್ಟ್ರೇ. ಆಮೇಲೆ ಎಲ್ಲಿ ಬಿಸಾಕಿದ್ನೋ ನೆನಪೇ ಇಲ್ಲ. ವಾಪಸ್ ಮುಚ್ಚದೆ ನಾನು ಕೂರೋ ಹಾಗಿಲ್ಲ."

ಮರುವರ್ಷ ಚಳಿ ಕಳೆದ ಮೇಲೆ ಹೊರಟೆವು: ಅವನು, ನಾನು, ಅವನ ಮಗಳು ಪುನಿ. ಪುನಿ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ದಾದಿ. ನಾಲ್ಕು ದಿನದ ರಜೆ ಹಾಕಿದ್ದಳು. ಹತ್ತಲು ಒಂದು ದಿನ, ಹುಡುಕಲು ಎರಡು, ಇಳಿಯಲು ಒಂದು. ಆದರೆ ಹೊರಡುವ ಬೆಳಿಗ್ಗೆ, ಹೊರೆಯನ್ನು ಹಣೆಗೆ ಏರಿಸುವ ಹೊತ್ತಿಗೆ ಸರಿಯಾಗಿ ಪುನಿ ಸೀನಿದಳು. ಬೆಟ್ಟಕ್ಕೆ ಹೊರಟಾಗ ಸೀನಿದರೆ ಆ ದಿನ ಹೊರಡುವಂತಿಲ್ಲ. ಹೈಸುಲ ಹೊರೆ ಇಳಿಸಿ ಮೆಟ್ಟಿಲ ಮೇಲೆ ಕೂತ.

"ಮೂಗು ಹಿಡ್ಕೊಳ್ಳೋಕೆ ಆಗ್ಲಿಲ್ವೇನೇ?"

"ನಿನ್ನ ಟಾರ್ಪಾಲಿನ ಬೂಷ್ಟು ಮೂಗಿಗೆ ಹೋದ್ರೆ ನಾನೇನ್ ಮಾಡ್ಲಿ ಅಪ್ಪ? ನಾನು ಸೀನಿದ್ದಲ್ಲ, ಅದು ಸೀನಿಸಿದ್ದು."

"ಟಾರ್ಪಾಲು ಸೀನಿದ್ರೆ ಹೋಗ್ಬಹುದಾ ಮೇಷ್ಟ್ರೇ?"

"ನಿಮ್ಮಮ್ಮ ಇದ್ದಿದ್ರೆ ಒಪ್ತಿದ್ರಾ?" ಎಂದೆ.

ಅವನು ತಲೆಯಾಡಿಸಿ ಬೂಟು ಬಿಚ್ಚಿದ. ಹಾಗಾಗಿ ಹುಡುಕಲು ಒಂದೇ ದಿನ ಉಳಿಯಿತು.

ಮರುದಿನದ ಏರು ದಾರಿ ಎಂದೂ ಮುಗಿಯದಂತಿತ್ತು. ಹಿಂದೆ ಅವನ ಬೆನ್ನನ್ನೇ ನೋಡುತ್ತ ಹತ್ತಿದ ದಾರಿಯಲ್ಲಿ ಈಗ ನಾನು ನಿಂತು ನಿಂತು ಅವನಿಗಾಗಿ ಕಾಯಬೇಕಾಯಿತು. ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲೆ ಇಡುತ್ತಿದ್ದ. ಮಧ್ಯಾಹ್ನ ಪುನಿ ಅವನ ಹೊರೆಯಿಂದ ಅಕ್ಕಿ, ಪಾತ್ರೆಗಳನ್ನು ತೆಗೆದು ತನ್ನದಕ್ಕೆ ತುಂಬಿಕೊಂಡಳು. ಟಾರ್ಪಾಲನ್ನೂ ನೆಲಹಾಸನ್ನೂ ಮಾತ್ರ ಕೊಡಲಿಲ್ಲ.

"ಅದ್ನೂ ಕೊಡಪ್ಪ."

"ಇದು ಬೆನ್ನಿಗೆ ಒತ್ತಿದ್ರೇನೇ ಕಾಲಿಗೆ ದಾರಿ ಗೊತ್ತಾಗೋದು."

ಆ ಸಂಜೆ ಹಳ್ಳದ ದಡದಲ್ಲಿ ತಂಗಿದೆವು.

ಬೆಳಿಗ್ಗೆ ಹಳೆಯ ಊರು ಮುಟ್ಟಿದೆವು. ಹೈಸುಲ ಅಕ್ಕಿಯ ಮದ್ಯದಲ್ಲಿ ಬೆರಳದ್ದಿ ನೆಲಕ್ಕೆ ಚಿಮುಕಿಸಿ, ತಾಯಿಯ ಹೆಸರು ಹೇಳಿ, ತಾನು ಯಾರ ಮಗನೆಂದು ತಿಳಿಸಿದ. ಪಾಚಿ ಕೆರೆದಾಗ ಬಿಳಿಯ ಹೊಸ್ತಿಲು ಸಿಕ್ಕಿತು. ಅದರಿಂದ ಒಳಗೆ ಹೆಜ್ಜೆ ಅಳೆದ. ಎಲೆ ಸರಿಸಿದಾಗ ಒಲೆಯ ಮೂರು ಕಲ್ಲುಗಳು ಹಾಗೇ ಇದ್ದವು. ಬಲಗಡೆ, ಸುತ್ತಲೂ ಹಾಸಿದ ಚಪ್ಪಡಿಗಳ ನಡುವೆ, ಒಂದು ಚಪ್ಪಡಿಯಷ್ಟೇ ಅಗಲಕ್ಕೆ ಜರೀಗಿಡ ಬೆಳೆದಿತ್ತು. ಮಣ್ಣು ತಗ್ಗಾಗಿತ್ತು. ಅದನ್ನು ನೋಡುತ್ತ ಅವನು ಬಹಳ ಹೊತ್ತು ಮೊಣಕಾಲನ್ನು ಉಜ್ಜುತ್ತ ನಿಂತ.

ಹುಡುಕಿದೆವು. ಮೂವತ್ತೊಂದು ವರ್ಷದ ಎಲೆ, ಬೇರು, ಮಣ್ಣು. ಕೋಲಿನಿಂದ ಚುಚ್ಚಿದ ಕಡೆಯೆಲ್ಲ ಕಲ್ಲೇ ಸದ್ದು ಮಾಡುತ್ತಿತ್ತು. ಪುನಿ ಇಳಿಜಾರಿನ ಕೆಳಗಿನವರೆಗೂ ಹೋಗಿ ಬಂದಳು. ಎತ್ತಿ ನೋಡಿದ ಯಾವ ಕಲ್ಲಿಗೂ ಆ ಕಚ್ಚು ಇರಲಿಲ್ಲ. "ಬೇರೆ ಒಂದು ಚಪ್ಪಡಿ ಮುಚ್ಚಿದ್ರೆ ಆಗಲ್ವಾ ಅಪ್ಪ?" ಎಂದಳು.

"ಇನ್ನೊಂದು ಮನೇದು ಕೀಳ್ಲಾ? ಅಲ್ಲೂ ಯಾರ್ದೋ ಅಜ್ಜಿ ಇರ್ತಾಳೆ."

ಮಧ್ಯಾಹ್ನ ಮೋಡ ಇಳಿಯಿತು. ಹೈಸುಲ ಟಾರ್ಪಾಲು ಬಿಚ್ಚಿದ. ನಾನು ಹೊಸ್ತಿಲಾಚೆ ಹೂಡಿದ್ದ ಟೆಂಟಿನ ಕಡೆ ಕೈ ತೋರಿಸಿದೆ. ಅವನು ಬೇಡವೆಂದು ತಲೆಯಾಡಿಸಿ ಅದನ್ನು ಆ ತಗ್ಗಿನ ಮೇಲೆ ಕಟ್ಟತೊಡಗಿದ. ಒಂದು ಕಲ್ಲನ್ನೂ ಮುಟ್ಟದೆ, ಗೋಡೆಯಲ್ಲಿ ಬೆಳೆದಿದ್ದ ಮರಗಳಿಗೆ ಮೂರು ಮೂಲೆ ಬಿಗಿದ. ನೀರು ಒಂದೇ ಕಡೆ ಇಳಿಯಲೆಂದು ನಾಲ್ಕನೆಯದನ್ನು ತಗ್ಗಿಸಿದ. ಅಲ್ಲಿ ಮರವಿರಲಿಲ್ಲ. ಹಗ್ಗವನ್ನು ತನ್ನ ಹೊರೆಯ ಚೌಕಟ್ಟಿಗೆ ಕಟ್ಟಿ, ಅದರ ಮೇಲೆ ತಾನೇ ಕೂತ. ಮಳೆ ಬಂದಿತು. ಪುನಿಯೂ ನಾನೂ ಟೆಂಟಿನ ಬಾಗಿಲಲ್ಲಿ ಕೂತೆವು. ಅವನ ಅರ್ಧ ಮೈ ಟಾರ್ಪಾಲಿನ ಹೊರಗೆ ನೆನೆಯುತ್ತಿತ್ತು.

"ಸಾಕು ಒಳಗ್ ಬಾಪ್ಪ. ಇಷ್ಟು ವರ್ಷ ನೆಂದಿದೆ, ಇನ್ನೊಂದ್ ಮಳೆಗೆ ಏನಾಗತ್ತೆ?"

"ಅಷ್ಟೂ ವರ್ಷ ನಾನು ನೋಡ್ತಾ ಕೂತಿರ್ಲಿಲ್ವಲ್ಲ."

ಹೊರೆಯ ಮೇಲೆ ಕೂತ ಅವನನ್ನು ನೋಡುತ್ತಿದ್ದಂತೆ ನನಗೆ ಮಂಪರಿನಲ್ಲಿ ಏನೋ ನೆನಪಾಯಿತು. ಆ ಹಳೆಯ ಪ್ರವಾಸದ ಬೆಳಿಗ್ಗೆ ನಾನು ಟೆಂಟಿನಿಂದ ಹೊರಗೆ ಬಂದಾಗಲೂ ಟಾರ್ಪಾಲಿನ ಹಗ್ಗ ಹೀಗೆಯೇ ಹೊರೆಗೆ ಕಟ್ಟಿತ್ತು.

"ಹೈಸುಲ, ಅವತ್ತು ಬೆಳಿಗ್ಗೆ ಹಗ್ಗ ಕಲ್ಲಿಗೆ ಇರ್ಲಿಲ್ಲ ಕಣಯ್ಯ. ನಿನ್ನ ಹೊರೆಗಿತ್ತು. ನಾನು ಎಡವಿದೆ. ನೀನು ಬೈದೆ."

"ನಾನು ಮೇಷ್ಟ್ರಿಗೆ ಬೈದ್ನಾ?"

"ಚೆನ್ನಾಗೇ ಬೈದೆ."

ಅವನು ನಗಲಿಲ್ಲ. ತಲೆ ತಗ್ಗಿಸಿ ಯೋಚಿಸಿದ. "ಹಾಗಾದ್ರೆ ಮಧ್ಯದಲ್ಲಿ ಕಲ್ಲನ್ನ ತೆಗ್ದಿದೀನಿ. ಯಾಕ್ ತೆಗ್ದೆ?" ಮೇಲಿನ ಇಳಿಜಾರಿನತ್ತ ಕತ್ತೆತ್ತಿ ಹೇಳಿದ, "ನೀರು. ಮೇಲಿಂದ ನೀರು ಬಂತು. ನಿಮ್ಮ ನೆಲಹಾಸಿನ ಕೆಳಗೆ ಹೋಗ್ತಿತ್ತು."

ಹೊರೆಯ ಮೇಲೆ ಪುನಿಯನ್ನು ಕೂರಿಸಿ, ಮನೆಯ ಮೇಲ್ಗಡೆಯ ಮೂಲೆಗೆ ಕುಂಟುತ್ತ ಹೋದ. ನಾನೂ ಹಿಂದೆ ಹೋದೆ. ಇಳಿಜಾರಿನಿಂದ ಕೆಂಪಾಗಿ ಹರಿದು ಬರುತ್ತಿದ್ದ ನೀರು ಅಲ್ಲಿ ಮನೆಯತ್ತ ನುಗ್ಗದೆ, ಒಂದು ಪಾಚಿಯ ದಿಂಡಿಗೆ ತಗುಲಿ ಪಕ್ಕಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಅದನ್ನು ಗೋಡೆಯ ಅಡಿಪಾಯವೆಂದು ದಾಟಿದ್ದೆವು. ಅವನು ಕೆಸರಿನಲ್ಲಿ ಮಂಡಿಯೂರಿ ಪಾಚಿ ಕಿತ್ತ. ಅಂಚಿನ ಮೇಲೆ ನಿಲ್ಲಿಸಿ ಹೂತಿದ್ದ ಚಪ್ಪಡಿ. ಬೆರಳಿನಿಂದ ಮಣ್ಣು ತೋಡುತ್ತ ಹೋದ. ಕೆಳಗಿನ ಮೂಲೆಯಲ್ಲಿ ಅವನ ಹೆಬ್ಬೆರಳು ಅರ್ಧಚಂದ್ರದ ಕಚ್ಚಿನೊಳಗೆ ಕೂತಿತು. ಅವನು ಹಾಗೆಯೇ ಕೈ ಇಟ್ಟುಕೊಂಡು ಹಣೆಯನ್ನು ಕಲ್ಲಿಗೆ ಆನಿಸಿದ.

"ಸಿಕ್ತಾ ಅಪ್ಪ?" ಎಂದು ಪುನಿ ಕೂತಲ್ಲಿಂದಲೇ ಕೂಗಿದಳು.

"ಇಲ್ಲೇ ಇದಾಳೆ" ಎಂದ.

ಆದರೆ ಅದನ್ನು ಕೀಳಲಿಲ್ಲ. ಕಿತ್ತರೆ ಮೂವತ್ತೊಂದು ವರ್ಷ ಪಕ್ಕಕ್ಕೆ ಹೋದ ನೀರು ನೇರವಾಗಿ ಮನೆಯೊಳಕ್ಕೆ, ಆ ತಗ್ಗಿಗೇ ಬರುತ್ತಿತ್ತು. ಮಳೆ ಸಣ್ಣದಾಗುವವರೆಗೆ ಕಾದೆವು. ಆಮೇಲೆ ಪಕ್ಕದ ತೊರೆಯಿಂದ ಉರುಟು ಕಲ್ಲುಗಳನ್ನು ಹೊತ್ತು ತಂದೆವು. ಪುನಿ ಎರಡು ತಂದರೆ ನಾನು ಒಂದು. ಅವನು ಕೂತಲ್ಲೇ ಅವನ್ನು ಚಪ್ಪಡಿಯ ಮೇಲ್ಗಡೆ ಒತ್ತಾಗಿ ಜೋಡಿಸಿ, ಸಂದಿಗೆ ಜೇಡಿಮಣ್ಣು ತುಂಬಿದ. ನೀರು ಹೊಸ ಕಟ್ಟೆಗೆ ತಗುಲಿ ತಿರುಗಿತು. ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಚಪ್ಪಡಿಗೆ ಕೈ ಹಾಕಿದ.

ಬೆಳಕು ಇನ್ನೂ ಇತ್ತು. ಹೊತ್ತುಕೊಂಡು ಹೋಗಲು ಮೂವರಲ್ಲಿಯೂ ಶಕ್ತಿ ಇರಲಿಲ್ಲ. ಹೈಸುಲ ತನ್ನ ನೆಲಹಾಸನ್ನು ಬಿಚ್ಚಿ ಹಾಸಿ, ಚಪ್ಪಡಿಯನ್ನು ಅದರ ಮೇಲೆ ಮಲಗಿಸಿದ. ಮೂವರೂ ಅಂಚು ಹಿಡಿದು, ಆರು ಹೆಜ್ಜೆಗೊಮ್ಮೆ ಉಸಿರು ಬಿಡುತ್ತ, ಒಲೆಯ ಬಳಿಗೆ ಎಳೆದೆವು. ಜರೀಗಿಡ ತೆಗೆದು, ತಗ್ಗಿಗೆ ಟಾರ್ಪಾಲಿನಡಿ ನೆನೆಯದೆ ಉಳಿದ ಮಣ್ಣು ತುಂಬಿ, ಚಪ್ಪಡಿ ಇಳಿಸಿದೆವು. ಅದು ತನ್ನ ಜಾಗದಲ್ಲಿ ಅಲುಗದೆ ಕೂತಿತು. ನೆಲಹಾಸು ಮಧ್ಯದಲ್ಲಿ ಮೊಳದುದ್ದ ಹರಿದುಹೋಗಿತ್ತು.

ಅವನು ಆ ಚಪ್ಪಡಿಯ ಪಕ್ಕದಲ್ಲಿ, ಟಾರ್ಪಾಲಿನ ಅಡಿಯಲ್ಲಿ, ಬರಿಯ ಕಲ್ಲಿನ ಮೇಲೆಯೇ ಉರುಳಿದ. ಪುನಿ ತನ್ನ ನೆಲಹಾಸನ್ನು ತಂದಳು.

"ಬೆನ್ನಿಗೆ ತಣ್ಣಗಾಗತ್ತೆ. ಏಳು, ಹಾಸ್ತೀನಿ."

"ಇಲ್ಲಿ ಬೇಡ ಮಗಳೇ" ಎಂದ ಹೈಸುಲ, ಕಣ್ಣು ಮುಚ್ಚಿಕೊಂಡೇ. "ಇದು ಮನೆ."

ಬೆಳಿಗ್ಗೆ ಅವನನ್ನು ಎಬ್ಬಿಸಿ ನಿಲ್ಲಿಸಲು ಇಬ್ಬರು ಬೇಕಾದೆವು. ಟಾರ್ಪಾಲು ಬಿಚ್ಚಿ ಮಡಿಸಿದವಳು ಪುನಿ. ಹೊರೆಯ ಪಟ್ಟಿಯನ್ನು ಅವಳು ತನ್ನ ಹಣೆಗೆ ಏರಿಸಿದಾಗ ಅವನು ಬೇಡವೆನ್ನಲಿಲ್ಲ. ಬಿಳಿಯ ಹೊಸ್ತಿಲು ದಾಟುವಾಗ ಒಮ್ಮೆ ಹಿಂದಿರುಗಿ ನೋಡಿ, ಕೋಲು ಊರಿಕೊಂಡು ಇಳಿಯತೊಡಗಿದ.

ಆಮೇಲೆ ಅವನು ಬೆಟ್ಟ ಹತ್ತಲಿಲ್ಲ. ಹರಿದ ಆ ನೆಲಹಾಸು ಒಗೆದ ಮೇಲೆ ಬಹಳ ದಿನ ತಂತಿಯ ಮೇಲಿತ್ತು. ಒಂದು ಮಧ್ಯಾಹ್ನ ನೋಡಿದರೆ ಅದನ್ನು ಅಂಗಳದಲ್ಲಿ ಹಾಸಿ, ಮೇಲೆ ನವಣೆ ಒಣಹಾಕಿ, ಪಕ್ಕದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ನಾಲ್ಕೂ ಅಂಚುಗಳನ್ನು ಕೆಳಕ್ಕೆ ಮಡಿಸಿದ್ದ.