ಕೇಕ್ ಸೀಯುತ್ತಿದೆ ಎಂದೊಂದು ಫೋನು

ಬ್ಯಾಂಕಿನವರು ಹಾಕುವ ಚಾರ್ಜಿನ ಬಗ್ಗೆ ಯಾರಾದರೂ ಬೈಯಲು ಶುರು ಮಾಡಿದರೆ ನಾನು ಸುಮ್ಮನೆ ಕೂತು ಕೇಳುತ್ತೇನೆ. ಜೀವಮಾನವೆಲ್ಲ ಬ್ಯಾಂಕಿನ ಅನ್ನ ತಿಂದವಳು, ಏನು ಹೇಳಿದರೂ ಕಷ್ಟ. ಚಾರ್ಜೇ ಹಾಕಬಾರದು ಎಂದರೆ ಸುಳ್ಳಾಗುತ್ತದೆ. ಖಾತೆಯಲ್ಲಿ ಕಾಸಿಲ್ಲವೆಂದು ಗೊತ್ತಿದ್ದೂ ಊರೆಲ್ಲ ಚೆಕ್ಕು ಹಂಚಿಕೊಂಡು ತಿರುಗುವ ಮಹಾನುಭಾವರನ್ನು ಕಣ್ಣಾರೆ ಕಂಡವಳು ನಾನು. ಹಾಕಿದ್ದೆಲ್ಲ ಸರಿ ಎನ್ನೋಣವೆಂದರೆ, ಪುಲಿಕೇಶಿನಗರದ ಒಬ್ಬ ಹೆಂಗಸಿನ ಮುಖ ಎದುರಿಗೆ ಬಂದು ನಿಲ್ಲುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತೆಯಾಗಿದ್ದೆ. ನಮ್ಮದು ಹಲಸೂರಿನದೇ ಹಳೆಯ ಮನೆತನ. ಅಜ್ಜ ಸೊಪ್ಪು, ತರಕಾರಿ ಬೆಳೆಯುತ್ತಿದ್ದ ನೆಲದ ಮೇಲೆ ಆಗಲೇ ಸಾಲುಸಾಲಾಗಿ ಬಾಡಿಗೆ ಮನೆಗಳೆದ್ದಿದ್ದವು. ಶಾಖೆಗೆ ನಡೆದೇ ಹೋಗುತ್ತಿದ್ದೆ. ನನ್ನ ಕೆಲಸ ಕ್ಲಿಯರಿಂಗ್. ನಮ್ಮ ಗ್ರಾಹಕರು ಬೇರೆಯವರಿಗೆ ಬರೆದುಕೊಟ್ಟ ಚೆಕ್ಕುಗಳು ಬೆಳಿಗ್ಗೆ ಕಟ್ಟುಕಟ್ಟಾಗಿ ನನ್ನ ಮೇಜಿಗೆ ಬರುತ್ತಿದ್ದವು. ಖಾತೆಯಲ್ಲಿ ಹಣವಿದ್ದರೆ ಪಾಸು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ವಾಪಸು. ವಾಪಸಾದರೆ ದಂಡ ಬೀಳುತ್ತಿತ್ತು, ಜೊತೆಗೆ ಮಾನವೂ ಹೋಗುತ್ತಿತ್ತು.

ಆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ನಮಗೊಂದು ಪದ್ಧತಿಯಿತ್ತು. ಯಾವ ಸುತ್ತೋಲೆಯಲ್ಲೂ ಅದು ಇರಲಿಲ್ಲ. ಹಣ ಒಂಚೂರು ಕಡಿಮೆ ಬಿದ್ದ ಚೆಕ್ಕನ್ನು ಪೇಪರ್ ವೇಟಿನ ಕೆಳಗೆ ಎತ್ತಿಟ್ಟು, ಬರೆದವರಿಗೆ ಹೇಳಿಕಳಿಸುವುದು. ಫೋನಿದ್ದವರಿಗೆ ಫೋನು, ಇಲ್ಲದವರಿಗೆ ಪಕ್ಕದ ಮನೆಗೋ ಅಂಗಡಿಗೋ. ಅವರು ಬೆವರು ಒರೆಸಿಕೊಳ್ಳುತ್ತಾ ಓಡಿಬಂದು ಹಣ ಕಟ್ಟಿದರೆ ಚೆಕ್ಕು ಪಾಸು. ಬರಲು ಸಂಜೆಯಾಗುತ್ತದೆಂದರೆ ನಮ್ಮ ಹಳೆಯ ಮ್ಯಾನೇಜರು, "ಹೋಗ್ಲಿ ಬಿಡಮ್ಮ, ಪಾಸ್ ಮಾಡು, ಒಂದಿನದ ಬಡ್ಡಿ ಹಾಕ್ಕೊಳ್ಳೋಣ" ಎನ್ನುತ್ತಿದ್ದರು. ನಾವು ಓವರ್‌ಡ್ರಾಫ್ಟ್ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಿದ್ದುದು ಇಷ್ಟನ್ನೇ.

ಹೀಗೆ ಹೇಳಿಕಳಿಸಬೇಕಾದವರಲ್ಲಿ ಪ್ರತಿ ವರ್ಷ ತಪ್ಪದೆ ಬರುತ್ತಿದ್ದವರು ಕೇಕ್ ಆಂಟಿ. ಪುಲಿಕೇಶಿನಗರದ ಮಸೀದಿ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಹೆಂಚಿನ ಹಳೆಯ ಬಾಡಿಗೆ ಮನೆಯೊಂದರಲ್ಲಿ ಒಬ್ಬರೇ ಇದ್ದರು. ಹುಟ್ಟಿದ್ದು ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ. ಮನೆಮಾತು ತಮಿಳು, ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕ್ರಿಸ್‌ಮಸ್ ಕೇಕ್ ಮಾಡಿಯೇ ವರ್ಷದ ಅನ್ನ ಸಂಪಾದಿಸುತ್ತಿದ್ದರು. ಮಳೆಗಾಲ ಮುಗಿಯುವ ಮೊದಲೇ ಒಣದ್ರಾಕ್ಷಿ, ಗೋಡಂಬಿ ತಂದು ರಮ್ಮಿನಲ್ಲಿ ನೆನೆಹಾಕಬೇಕು. ಶಿವಾಜಿನಗರದ ವ್ಯಾಪಾರಿಗೆ ಆಗಲೇ ಚೆಕ್ಕು ಕೊಡಬೇಕು. ಕೇಕಿನ ಹಣ ಕೈಗೆ ಬರುವುದು ಮಾತ್ರ ಡಿಸೆಂಬರಿನಲ್ಲಿ. ನಡುವೆ ಅವರ ಖಾತೆಯ ತಳ ಕಾಣುತ್ತಿತ್ತು.

ಅವರ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮೆಡಿಕಲ್ ಶಾಪಿನ ನಂಬರ್ ಕೊಟ್ಟಿದ್ದರು. ಕೊಡುವಾಗಲೇ ಒಂದು ಕಂಡೀಷನ್ ಹಾಕಿದರು.

"ಕಣ್ಣು, ದುಡ್ಡು ಕಮ್ಮಿ ಇದೆ ಅಂತ ಮಾತ್ರ ಅವನತ್ರ ಹೇಳ್ಬೇಡ ಮಾ. ಇಡೀ ಬೀದಿಗೆ ಗೊತ್ತಾಗುತ್ತೆ. ನಾಳೆ ಯಾರು ನನಗೆ ಅಡ್ವಾನ್ಸ್ ಕೊಡ್ತಾರೆ?"

"ಮತ್ತೇನ್ ಹೇಳ್ಲಿ ಆಂಟಿ?"

ಅವರು ಕೌಂಟರಿನ ಮೇಲೆ ಮೊಣಕೈ ಊರಿ ಯೋಚಿಸಿದರು. "ಕೇಕ್ ಸೀದೋಗ್ತಾ ಇದೆ ಅಂತ ಹೇಳು. ಓಡಿಬರ್ತೀನಿ."

ಅಂದಿನಿಂದ ಅದೇ ನಡೆಯಿತು. ನಾನು ಫೋನ್ ಮಾಡಿ, "ಕೇಕ್ ಆಂಟಿಗೆ ಸ್ವಲ್ಪ ಹೇಳ್ತೀರಾ, ಕೇಕ್ ಸೀದೋಗ್ತಿದೆಯಂತೆ" ಎನ್ನುತ್ತಿದ್ದೆ. ಅಂಗಡಿಯವರು ಅಲ್ಲಿಂದಲೇ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಂಟಿ ಮೈದಾ ಮೆತ್ತಿದ ಕೈಯಲ್ಲೇ ಆಟೋದಿಂದಿಳಿದು ಬರುತ್ತಿದ್ದರು. ಯಾರ ಬಳಿಯೋ ಕೈಸಾಲ ಪಡೆದು ತಂದ ನೋಟುಗಳಿಗೆ ಏಲಕ್ಕಿ, ಚಕ್ಕೆಯ ವಾಸನೆ. ಒಮ್ಮೆ ಅಂಗಡಿಯವರು ಫೋನಿನಲ್ಲೇ ನನ್ನನ್ನು ಕೇಳಿದರು: "ಮೇಡಂ, ಇಷ್ಟು ಸಲ ಸೀದೋಗೋದಾದ್ರೆ ಜನ ಯಾಕೆ ಇವರತ್ರಾನೇ ಕೇಕ್ ತಗೋತಾರೆ?" ಅದನ್ನು ಹೇಳಿದಾಗ ಆಂಟಿ ನಕ್ಕ ನಗು, ಸಾಲಿನಲ್ಲಿ ನಿಂತಿದ್ದ ಪಿಂಚಣಿದಾರರೆಲ್ಲ ತಿರುಗಿ ನೋಡುವಂತಿತ್ತು.

ಕೆಲಸವಿಲ್ಲದಿದ್ದರೂ ಅವರು ಬರುತ್ತಿದ್ದರು. ಪಾಸ್‌ಬುಕ್ ಎಂಟ್ರಿ ಮಾಡಿಸುವುದೊಂದು ನೆಪ. ನನ್ನ ಸೀರೆ ಚೆನ್ನಾಗಿದೆಯೇ ಇಲ್ಲವೇ ಎಂದು ಮುಲಾಜಿಲ್ಲದೆ ಹೇಳುತ್ತಿದ್ದರು. ನನ್ನ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ನಾನು ಆ ಕೌಂಟರಿನಲ್ಲೇ ಕಕ್ಕಿಕೊಂಡಿದ್ದೇನೆ. ಡಿಸೆಂಬರಿನ ಕೊನೆಗೆ ಶಾಖೆಗೊಂದು ಕೇಕ್ ಬರುತ್ತಿತ್ತು. ಮೊಟ್ಟೆ, ರಮ್ಮು ಹಾಕಿದ ಪದಾರ್ಥ ನಮ್ಮ ಮನೆಯ ಹೊಸಿಲು ದಾಟುವಂತಿರಲಿಲ್ಲ. ಊಟದ ಕೋಣೆಯಲ್ಲಿ ನಿಂತು, ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದೆ. ಅಂಥ ರುಚಿ ಬೇರೆಲ್ಲೂ ಸಿಕ್ಕಿಲ್ಲ.

ಎರಡು ಸಾವಿರದ ನಂತರ ಕಂಪ್ಯೂಟರುಗಳು ಒಂದಕ್ಕೊಂದು ಸೇರಿಕೊಂಡವು. ಚೆಕ್ಕುಗಳು ಶಾಖೆಗೆ ಬರುವುದೇ ನಿಂತು, ಎಲ್ಲೋ ಒಂದು ದೊಡ್ಡ ಕಚೇರಿಗೆ ಹೋಗತೊಡಗಿದವು. ಪಾಸು, ವಾಪಸು, ಚಾರ್ಜು ಎಲ್ಲವನ್ನೂ ಯಂತ್ರವೇ ಮಾಡಿ ಮುಗಿಸುತ್ತಿತ್ತು. ನಮಗೆ ಗೊತ್ತಾಗುತ್ತಿದ್ದುದು ಎಲ್ಲ ಆದಮೇಲೆ. ನನ್ನ ಪೇಪರ್ ವೇಟಿಗೆ ಕೆಲಸ ಹೋಯಿತು. ಶುರುವಿನಲ್ಲಿ ನನಗೆ ಖುಷಿಯೇ ಆಗಿತ್ತು ಅನ್ನಿ, ಸಂಜೆ ಬೇಗ ಮನೆಗೆ ಹೋಗಬಹುದಿತ್ತು.

ಆ ವರ್ಷ ಇಂದಿರಾನಗರದ ಒಂದು ಕಂಪನಿ ಆಂಟಿಗೆ ದೊಡ್ಡ ಆರ್ಡರ್ ಕೊಟ್ಟಿತ್ತು. ಕಂಪನಿ ಅಡ್ವಾನ್ಸಾಗಿ ಕೊಟ್ಟ ಚೆಕ್ಕನ್ನು ಅವರು ನಮ್ಮಲ್ಲೇ ಹಾಕಿದರು. ಅದು ಕ್ಲಿಯರಿಂಗಿಗೆ ಹೋಗಿ ಹಣವಾಗಿ ಬರಲು ಮೂರು ದಿನ ಬೇಕು. ಅದೇ ನಡುವೆ ದ್ರಾಕ್ಷಿ ವ್ಯಾಪಾರಿಯ ಚೆಕ್ಕು ಬಂದುಬಿಟ್ಟಿತು. ಖಾತೆಯಲ್ಲಿ ಸಾಲದೆ ಚೆಕ್ಕು ವಾಪಸಾಯಿತು, ಚಾರ್ಜು ಬಿತ್ತು. ಆ ಚಾರ್ಜಿನಿಂದ ಬ್ಯಾಲೆನ್ಸು ಕನಿಷ್ಠ ಮಿತಿಗಿಂತ ಕೆಳಗಿಳಿದು ಅದಕ್ಕೆ ಇನ್ನೊಂದು ಚಾರ್ಜು. ಮಾರನೆಯ ದಿನ ಕಂಪನಿಯ ಹಣ ಠಾಕುಠೀಕಾಗಿ ಬಂದು ಕೂತಿತು. ಆದರೆ ವ್ಯಾಪಾರಿ, ಇನ್ನು ಮೇಲೆ ನಗದು ಕೊಟ್ಟರೆ ಮಾತ್ರ ಸಾಮಾನು ಎಂದು ಅಂಗಡಿ ತುಂಬ ಜನರ ಮುಂದೆ ಹೇಳಿಬಿಟ್ಟಿದ್ದ.

ಆಂಟಿ ಬಂದಾಗ ಕೈಯಲ್ಲಿ ಮೈದಾ ಇರಲಿಲ್ಲ. ಚರ್ಚಿಗೆ ಹೋಗುವ ಸೀರೆ ಉಟ್ಟಿದ್ದರು.

"ಯಾಕೆ ಫೋನ್ ಮಾಡ್ಲಿಲ್ಲ ಕಣ್ಣು?"

"ಚೆಕ್ಕು ಈಗ ನನ್ನ ಹತ್ರ ಬರೋದೇ ಇಲ್ಲ ಆಂಟಿ. ನನಗೆ ಗೊತ್ತಾಗಿದ್ದೇ ಇವತ್ತು."

ಅವರು ನನ್ನನ್ನು ನಂಬಿದರು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಹೊಸ ಮ್ಯಾನೇಜರ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಹುಡುಗ ಒಳ್ಳೆಯವನೇ. ರೂಲ್ಸ್ ವಿವರಿಸಿದ. ಆಂಟಿ ಕೊನೆಯವರೆಗೂ ಕೇಳಿಸಿಕೊಂಡು, "ಮೂರು ದಿನ ನನ್ನ ದುಡ್ಡು ನಿಮ್ಮ ಬ್ಯಾಂಕವ್ರ ಕೈಯಲ್ಲೇ ಇತ್ತಲ್ಲ ಸಾರ್, ಅದಕ್ಕೆ ನಾನು ಎಷ್ಟು ಚಾರ್ಜ್ ಹಾಕ್ಲಿ?" ಎಂದರು.

ಅವನು ನನ್ನ ಮುಖ ನೋಡಿದ. "ಅವರು ಕೇಳ್ತಿರೋದು ಸರಿಯಾಗೇ ಇದೆ ಸಾರ್" ಎಂದೆ. ಅವನ ಕಿವಿ ಕೆಂಪಾಯಿತು. ಹಳೆಯ ಕಸ್ಟಮರ್, ವಯಸ್ಸಾದವರು, ಪಾಪ ಎಂದು ಸ್ಪೆಷಲ್ ಕೇಸಾಗಿ ಹಣ ವಾಪಸು ಕೊಡಿಸುತ್ತೇನೆ ಎಂದ. ನನಗೆ ಗೆದ್ದಷ್ಟು ಸಂತೋಷವಾಯಿತು.

ಆಂಟಿಗೆ ಆಗಲಿಲ್ಲ. "ತಪ್ಪಾಯ್ತು ಅಂತ ಹೇಳಿ ಕೊಡಿ, ಈಸ್ಕೋತೀನಿ. ಪಾಪ ಅಂತ ಕೊಡ್ಬೇಡಿ" ಎಂದರು. ತಪ್ಪಾಯಿತು ಎನ್ನುವ ಅಧಿಕಾರ ಅವನಿಗೂ ಇರಲಿಲ್ಲವೇನೋ. ಅವರು ಅಲ್ಲೇ ಖಾತೆ ಮುಚ್ಚಿಸಿದರು. ಹೋಗುವಾಗ ಕೌಂಟರಿನಾಚೆಯಿಂದ ಕೈಚಾಚಿ ನನ್ನ ಕೆನ್ನೆ ಮುಟ್ಟಿದರು. ಅಷ್ಟು ವರ್ಷಗಳಲ್ಲಿ ಕೌಂಟರಿನ ಈಚೆ ಬದಿಗೆ ಅವರ ಕೈ ಬಂದದ್ದು ಅದೊಂದೇ ಸಲ.

ಅವರ ಮನೆ ಎಲ್ಲಿದೆಯೆಂದು ಗೊತ್ತಿತ್ತು. ಹಲಸೂರಿನಿಂದ ಎಷ್ಟು ದೂರ, ಮಹಾ? ಆದರೂ ಹೋಗಲಾಗಲಿಲ್ಲ. ನಡುವೆ ಕೌಂಟರು ಇದ್ದಾಗ ಇಡೀ ಸಂಸಾರದ ಕಥೆ ಹೇಳಿಕೊಂಡ ನಾವು, ಅದಿಲ್ಲದೆ ಎದುರಾಬದುರಾ ಕೂತರೆ ಏನು ಮಾತಾಡುವುದೋ ಎಂದು ಸಂಕೋಚ. ಏನೆಂದು ಹೇಳಿ ಬಾಗಿಲು ತಟ್ಟಲಿ? ಮಧ್ಯಾಹ್ನ ಶಾಖೆಯ ಬಾಗಿಲ ಕಡೆ ನೋಡುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಒಂದು ನೆಪ ಹೊಳೆಯಿತು. ಕೇಕ್ ಕೊಳ್ಳುವವಳಾಗಿಯೇ ಹೋದೆ. ಬಾಗಿಲಲ್ಲಿ ನಾಲ್ಕಾರು ಜನರಿದ್ದರು. ಆಂಟಿ ಸೊರಗಿಹೋಗಿದ್ದರು. ನನ್ನನ್ನು ಕಂಡವರೇ ಕೈ ಒರೆಸಿಕೊಂಡು, "ಬಾ ಕಣ್ಣು" ಎಂದರು, ನಿನ್ನೆಯಷ್ಟೇ ನೋಡಿದವರ ಹಾಗೆ. ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ಪರ್ಸು ತೆಗೆದು, ಬೇಕೆಂದೇ ಇಪ್ಪತ್ತು ರೂಪಾಯಿ ಕಡಿಮೆ ಕೊಟ್ಟೆ.

"ಇಷ್ಟೇ ಇದೆ ಆಂಟಿ. ಮಿಕ್ಕಿದ್ದು ಇನ್ನೊಂದ್ಸಲ ಬಂದಾಗ ಕೊಡ್ತೀನಿ."

ಅವರು ತೆರೆದಿದ್ದ ನನ್ನ ಪರ್ಸಿನಲ್ಲಿದ್ದ ನೋಟುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಅದೇ ಹಳೆಯ ನಗು ಬಂತು. "ಬೇಗ ಬಾ ಮಾ. ಲೇಟಾದ್ರೆ ಚಾರ್ಜ್ ಹಾಕ್ತೀನಿ."

ಕೇಕನ್ನು ಶಾಖೆಯ ಊಟದ ಕೋಣೆಯಲ್ಲಿಟ್ಟು, ಹಗುರವಾಗಿ ಮನೆಗೆ ಬಂದೆ. ಬಾಕಿಯಿದ್ದರೆ ತಾನೇ ಮತ್ತೆ ಹೋಗಬಹುದು. ಅದನ್ನು ಅಷ್ಟು ಬೇಗ ತೀರಿಸಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ನಾವು ಕೆ.ಆರ್. ಪುರಕ್ಕೆ ಮನೆ ಬದಲಾಯಿಸಿದೆವು. ಸಾಮಾನು ಜೋಡಿಸುವ ಗಲಾಟೆಯೆಲ್ಲ ಮುಗಿದು, ಬೇಸಿಗೆ ಬಂದಾಗ ಹೊರಟೆ. ಮನೆಗೆ ಬೀಗ ಹಾಕಿತ್ತು. ಮೆಡಿಕಲ್ ಶಾಪಿನವರನ್ನು ವಿಚಾರಿಸಿದೆ. ಧ್ವನಿಯಿಂದಲೇ ನನ್ನನ್ನು ಗುರುತು ಹಿಡಿದರು.

"ಕೆಜಿಎಫ್‌ಗೆ ಹೋಗ್ಬಿಟ್ರು ಮೇಡಂ, ತಮ್ಮನ ಮನೆಗೆ. ಅಡ್ರೆಸ್ ಗೊತ್ತಿಲ್ಲ. ನೀವು ಬರ್ತೀರ ಅಂತ ಹೇಳಿದ್ರು. ದುಡ್ಡು ಕೊಟ್ರೆ ಈಸ್ಕೋಬೇಡ, ಫೋನ್ ನಂಬರ್ ಬರ್ಕೊಂಡಿರು, ನಾನು ನಿನಗೆ ಫೋನ್ ಮಾಡಿ ಕೇಳ್ಕೋತೀನಿ ಅಂದ್ರು."

ಹೊಸ ಮನೆಯ ನಂಬರ್ ಬರೆದುಕೊಟ್ಟೆ. ಮೆಟ್ಟಿಲಿಳಿಯುವಾಗ ಅವರೇ ಮತ್ತೆ ಕರೆದು, "ಮೇಡಂ, ಆ ಸೀದೋಗೋ ಕೇಕು... ನನಗೆ ಮೊದಲನೇ ದಿನಾನೇ ಗೊತ್ತಿತ್ತು" ಎಂದರು. "ಇಲ್ಲಿ ಸೀಯೋದು ಹಲಸೂರಲ್ಲಿ ನಿಮಗೆ ಹೇಗೆ ಗೊತ್ತಾಗುತ್ತೆ? ಯಾರಿಗೂ ಹೇಳ್ಲಿಲ್ಲ ಅಷ್ಟೇ." ರಸ್ತೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಫೋನು ಬರಲಿಲ್ಲ. ಒಂದೆರಡು ವರ್ಷ ಬಿಟ್ಟು ಹೋದರೆ ಮೆಡಿಕಲ್ ಶಾಪೂ ಇರಲಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ. ಈಗ ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲಿದೆ. ನಡುಮನೆಯ ಮೂಲೆಯ ಲ್ಯಾಂಡ್‌ಲೈನು ಮಾತ್ರ ಹಾಗೇ ಕೂತಿದೆ. ಕೆಜಿಎಫ್ ಕಡೆ ಹೋಗುವ ರೈಲಿನ ಸದ್ದು ಅಲ್ಲಿಗೆ ಕೇಳುತ್ತದೆ. ಯಾರೂ ಮುಟ್ಟದ ಫೋನಿಗೆ ಬಾಡಿಗೆ ದಂಡ, ತೆಗೆಸಿಬಿಡು ಎಂದು ನನ್ನವರು ಬಿಲ್ ಬಂದಾಗಲೆಲ್ಲ ಹೇಳುತ್ತಾರೆ. ಅವರು ಹೇಳುವುದೂ ಸರಿಯೇ. ನಾನು ಧೂಳು ಒರೆಸಿ, ರಿಸೀವರ್ ಎತ್ತಿ, ಟೋನ್ ಬರುತ್ತಿದೆಯೇ ಎಂದು ಕೇಳಿ ಇಡುತ್ತೇನೆ. ಕೇಕ್ ಸೀದುಹೋಗುತ್ತಿದೆ ಎಂದು ಯಾರಾದರೂ ಹೇಳಿದರೆ ಸಾಕು, ಓಡಿಹೋಗಲು ತಯಾರಾಗಿದ್ದೇನೆ. ಆ ಬಾಡಿಗೆಯನ್ನು ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತೇನೆ. ಅದೊಂದು ಚಾರ್ಜು ನನಗೆ ಯಾವತ್ತೂ ಅನ್ಯಾಯ ಅನ್ನಿಸಿಲ್ಲ.