ದೈವಕ್ಕೆ ಒಪ್ಪಿಸಿದ ವಯರ್

ಇದು ಶುರುವಾದದ್ದು ೧೯೬೩ನೇ ಇಸವಿಯಲ್ಲಿ. ನಾನು ಸುಳ್ಯದ ಕಡೆಯವಳು, ಮದುವೆಯಾಗಿ ಪುತ್ತೂರಿಗೆ ಬಂದವಳು. ನನ್ನ ಗಂಡ ಪುರಂದರ ಅವರಿಗೆ ಪೇಟೆಯ ದರ್ಬೆಯಲ್ಲಿ ಕರೆಂಟಿನ ಸಾಮಾನು ಮಾರುವ ಸಣ್ಣ ಅಂಗಡಿಯಿತ್ತು. ಮನೆಗಳಿಗೆ ವಯರಿಂಗ್ ಕೂಡ ಮಾಡಿಕೊಡುತ್ತಿದ್ದರು. ನಾನು ಸಿಟ್ಟಿನವಳು ಎಂದು ಊರಲ್ಲಿ ಹೆಸರುಂಟು. ಇದನ್ನು ಓದಿದ ಮೇಲೆ ಆ ಹೆಸರು ಯಾಕೆ ಬಂತೆಂದು ಯಾರೂ ಕೇಳಲಾರರು.

ಆಗಿನ ವಯರುಗಳಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿ ನೂಲಿನ ಹೆಣಿಗೆ ಇರುತ್ತಿತ್ತು. ಬಿಸಿಯಾಗಿ ಬಿಸಿಯಾಗಿ ರಬ್ಬರ್ ಒಣಗಿ ಬಿರಿಯುತ್ತಿತ್ತು. ಎಲ್ಲಾದರೂ ಒಂದು ಕಿಡಿ ಹತ್ತಿದರೆ ಬೆಂಕಿ ವಯರಿನ ಉದ್ದಕ್ಕೆ ಮಾಡಿನ ತೊಲೆಗಳವರೆಗೂ ಓಡುತ್ತಿತ್ತು. ಇವರು ಮದುವೆಗೆ ಮೊದಲು ಮುಂಬಯಿಯ ರಬ್ಬರ್ ಕಾರ್ಖಾನೆಯೊಂದರಲ್ಲಿದ್ದಾಗ, ತಾವಿದ್ದ ಚಾಳಿನ ಪಕ್ಕದ ಕೋಣೆಯಲ್ಲಿ ಹಾಗೆಯೇ ಬೆಂಕಿ ಓಡಿ ಒಬ್ಬ ಬಾಣಂತಿ ಸುಟ್ಟುಹೋದದ್ದನ್ನು ಕಂಡಿದ್ದರು. ಮಾವ ತೀರಿಕೊಂಡ ಮೇಲೆ ಊರಿಗೆ ಬಂದರೂ ಅದು ಇವರ ತಲೆಯಿಂದ ಹೋಗಲಿಲ್ಲ. ಬೆಂಕಿ ಹಿಡಿದರೂ ತಾನಾಗಿ ಆರಿಹೋಗುವ ಹೊದಿಕೆಯೊಂದನ್ನು ಮಾಡಬೇಕೆಂದು ಹಟ ಹಿಡಿದರು.

ಹಟಕ್ಕೆ ಬಲಿಯಾದದ್ದು ನನ್ನ ಅಡಿಗೆಮನೆ. ಕಡಬದ ಕಡೆ ತಿರುವಾಂಕೂರಿನಿಂದ ಬಂದು ರಬ್ಬರ್ ತೋಟ ಮಾಡಿದ್ದ ವರ್ಗೀಸ್ ಎಂಬವರು ಡಬ್ಬಿಯಲ್ಲಿ ರಬ್ಬರ್ ಹಾಲು ಕಳಿಸುತ್ತಿದ್ದರು. ಕ್ಲೋರಿನ್ ಹಿಡಿಸಿದ ಮೇಣ ಮತ್ತು ಆಂಟಿಮನಿ ಎಂಬ ಬಿಳಿ ಪುಡಿ ಮುಂಬಯಿಯಿಂದ ಬರುತ್ತಿದ್ದವು. ಮೇಣ ಮಾತ್ರ ಹಾಕಿದರೆ ಸಾಲದು, ಪುಡಿ ಮಾತ್ರ ಹಾಕಿದರೂ ಸಾಲದು. ಎರಡನ್ನೂ ರಬ್ಬರ್ ಹಾಲಿಗೆ ಹದವಾಗಿ ಸೇರಿಸಿ, ವಯರನ್ನು ಅದರಲ್ಲಿ ಅದ್ದಿ, ಒಲೆಯ ಮೇಲೆ ತೂಗುಹಾಕಿ ಒಣಗಿಸಬೇಕು. ನನ್ನ ಹುಳಿ ಬೇಯಿಸುವ ಪಾತ್ರೆ ಹೋಯಿತು, ಕಡೆಗೋಲು ಹೋಯಿತು, ಅನ್ನಕ್ಕೂ ರಬ್ಬರಿನ ವಾಸನೆ ಬಂತು. ನಾನು ಬೈಯದ ದಿನವಿಲ್ಲ. ಆದರೂ ಒಂದು ಬೆಳಿಗ್ಗೆ ಇವರು ಹಿಡಿದ ವಯರಿಗೆ ಚಿಮಿಣಿ ದೀಪದ ಕುಡಿ ತಾಗಿಸಿದವಳು ನಾನೇ. ದೀಪ ತಾಗಿರುವಷ್ಟು ಹೊತ್ತು ಅದು ಕಪ್ಪಾಗಿ ಹೊಗೆಯಾಡಿತು. ದೀಪ ತೆಗೆದದ್ದೇ ಆರಿಹೋಯಿತು. ಇವರು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡರು. ಅತ್ತಿದ್ದರೆಂದು ನನಗೆ ಗೊತ್ತಾಯಿತು.

ಇದನ್ನು ಬೇರೆಯವರು ಕದಿಯದ ಹಾಗೆ ಪೇಟೆಂಟ್ ಮಾಡಿಸಬೇಕೆಂದು ಹೇಳಿದವರು ವರ್ಗೀಸರು. ಪೇಟೆಂಟ್ ಸಿಕ್ಕಿದರೆ ನಮ್ಮ ಒಪ್ಪಿಗೆಯಿಲ್ಲದೆ ಯಾರೂ ಅಂಥ ವಯರ್ ಮಾಡುವ ಹಾಗಿಲ್ಲ. ಸಿಕ್ಕಿದ ಮೇಲೆ ಕಡಬದಲ್ಲಿಯೇ ಒಂದು ಶೆಡ್ ಹಾಕಿ ಇಬ್ಬರೂ ಸೇರಿ ವಯರ್ ಮಾಡುವುದೆಂದು ಮಾತಾಗಿತ್ತು. ಮದರಾಸಿನಲ್ಲಿ ಅಂಥ ಅರ್ಜಿಗಳನ್ನು ಬರೆದು ಕಲ್ಕತ್ತದ ಕಚೇರಿಗೆ ಕಳಿಸುವ ಏಜೆಂಟರೊಬ್ಬರು ಸಿಕ್ಕಿದರು. ಕಾಗದಪತ್ರ ತಯಾರಾಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಕೇಳಿದರು. "ಮಗಾ, ಹೊಸತು ಮಾಡಿದ್ದೀಯಲ್ಲ, ದೈವಕ್ಕೆ ಒಪ್ಪಿಸಿದ್ದಾ? ಮೊದ್ಲು ಅಲ್ಲಿಗೆ ಕೊಡದೆ ಮಾರ್ಲಿಕ್ಕೆ ಹೊರಟ್ರೆ ಹೇಗೆ?"

ನಮ್ಮ ಕಡೆ ಅದು ಹಾಗೆಯೇ. ಗದ್ದೆಯ ಮೊದಲ ಕದಿರಾಗಲಿ, ಹಸು ಕರು ಹಾಕಿದ ಮೇಲಿನ ಮೊದಲ ಹಾಲಾಗಲಿ, ಮೊದಲು ಊರು ಕಾಯುವ ದೈವಕ್ಕೆ, ಆಮೇಲೆ ನಮಗೆ. ಇವರಿಗೂ ಅದು ಸರಿಯೆನಿಸಿತು. ನನಗೂ ಅನಿಸಿತು.

ಆ ವಾರವೇ ನಮ್ಮ ಊರಿನ ದೈವಸ್ಥಾನದಲ್ಲಿ ತಂಬಿಲವಿತ್ತು. ಎಳನೀರು, ಅರಳು, ಬಾಳೆಹಣ್ಣು ಇಟ್ಟು ದೈವಕ್ಕೆ ಮಾಡುವ ಸೇವೆ ಅದು. ಇವರು ಹೊಸ ವಯರಿನ ಸುರುಳಿಯನ್ನು ಬಾಳೆಲೆಯಲ್ಲಿಟ್ಟು ಒಪ್ಪಿಸಿ, ಅದೇ ವಯರನ್ನು ಚಾವಡಿಯ ಸುತ್ತ ಎಳೆದು ಬಲ್ಬು ಹಾಕಿದರು. ಸಂಜೆ ಊರಿಗೆ ಊರೇ ಸೇರಿತ್ತು. ಯಾರದೋ ಕೈಯಲ್ಲಿದ್ದ ಉರಿಯುವ ತೆಂಗಿನ ಗರಿಯ ಸೂಟೆ ಚಾವಡಿಯ ಮೂಲೆಯಲ್ಲಿ ವಯರಿಗೆ ತಾಗಿತು. ಜನ ಹೋ ಎಂದು ಹಿಂದೆ ಸರಿದರು. ಸೂಟೆ ತೆಗೆದರು, ವಯರ್ ಆರಿತು, ಬಲ್ಬು ಉರಿಯುತ್ತಲೇ ಇತ್ತು. ಎಲ್ಲರೂ ಇವರ ಬೆನ್ನು ತಟ್ಟಿದರು.

ಬೆನ್ನು ತಟ್ಟಿದವರಲ್ಲಿ ದಾಮೋದರನೂ ಒಬ್ಬ. ಮಂಗಳೂರಿನ ವಯರ್ ವ್ಯಾಪಾರಿ, ಇವರನ್ನು ಸಲಿಗೆಯಿಂದ ಭಾವ ಎನ್ನುತ್ತಿದ್ದವ. ಇವರ ಅಂಗಡಿಗೆ ಸಾಮಾನು ಬರುತ್ತಿದ್ದದ್ದು ಅವನ ಗೋಡೌನಿನಿಂದ. ನಾವೇ ಕರೆದಿದ್ದೆವು. ದೈವದ ಎದುರು ಕೈಮುಗಿದ, ಪ್ರಸಾದ ತಿಂದ, ನಮ್ಮ ಮನೆಗೆ ಬಂದು ಊಟ ಮಾಡಿದ. ಎಲೆ ಎತ್ತುವ ಮೊದಲೇ ಕೇಳಿದ, "ಭಾವ, ಒಂದು ತುಂಡು ಕೊಡಿ ಮಾರಾಯ್ರೆ. ಮನೆಯಲ್ಲಿ ತೋರಿಸ್ಲಿಕ್ಕೆ." ಇವರು ತುಂಡು ಕೊಟ್ಟರು. ಕೊಟ್ಟದ್ದಲ್ಲದೆ, ಅದರಲ್ಲಿ ಏನೇನುಂಟೆಂದೂ ಖುಷಿಯಲ್ಲಿ ಹೇಳಿದರು. ಅವನಿಗೆ ಪಾಯಸ ಬಡಿಸಿದ ನನ್ನ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಂಬಿಲ ಕಳೆದ ಮೇಲೆ ಅರ್ಜಿ ಕಲ್ಕತ್ತಕ್ಕೆ ಹೋಯಿತು. ಅಲ್ಲಿಯ ಪರೀಕ್ಷಕರು ಪ್ರಶ್ನೆಗಳ ಮೇಲೆ ಪ್ರಶ್ನೆ ಕಳಿಸಿದರು. ಮೇಣ ಎಷ್ಟು, ಪುಡಿ ಎಷ್ಟು, ಇವೆರಡೂ ಮೊದಲೇ ಗೊತ್ತಿದ್ದ ವಸ್ತುಗಳಲ್ಲವೇ, ಹಾಗಾದರೆ ಇದರಲ್ಲಿ ಹೊಸತೇನು ಎಂದು. ಇವರು ಅಂಗಡಿ ಮುಚ್ಚಿ ಬಂದು, ಊಟ ಮರೆತು ಉತ್ತರ ಬರೆಯುತ್ತಿದ್ದರು. ತನ್ನ ಕೆಲಸವನ್ನು ಅರ್ಥ ಮಾಡಿಕೊಂಡು ಪ್ರಶ್ನೆ ಕೇಳುವವರೊಬ್ಬರು ಸಿಕ್ಕಿದರೆಂದು ಸಂತೋಷಪಟ್ಟರು. ಕೊನೆಗೆ ಅರ್ಜಿ ಸ್ವೀಕಾರವಾಯಿತು, ಗೆಜೆಟಿನಲ್ಲಿ ಪ್ರಕಟವಾಯಿತು. ಯಾರಿಗಾದರೂ ಆಕ್ಷೇಪವಿದ್ದರೆ ಹೇಳಬಹುದು ಎಂದಿತ್ತು.

ಆಕ್ಷೇಪ ಹಾಕಿದವನು ದಾಮೋದರ. ಅಷ್ಟರಲ್ಲಿ ಅವನು ಮಂಗಳೂರಿನಲ್ಲಿ ಅದೇ ವಯರನ್ನು ಬೇರೆ ಹೆಸರಿನಲ್ಲಿ ಮಾಡಲು ಶುರು ಮಾಡಿದ್ದ. ವಯರ್ ತನ್ನದೆಂದು ಅವನು ಹೇಳಲಿಲ್ಲ. ಅಷ್ಟು ದಡ್ಡನಲ್ಲ. ಅರ್ಜಿ ಹಾಕುವ ಮೊದಲೇ ಈ ವಯರನ್ನು ಊರವರ ಎದುರು ಉಪಯೋಗಿಸಿದ್ದಾರೆ, ಸೂಟೆ ತಾಗಿ ಆರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಇದು ಹೊಸತಲ್ಲ ಎಂದು ಪ್ರಮಾಣ ಮಾಡಿದ್ದ. ಅರ್ಜಿಗೆ ಮೊದಲು ಎಲ್ಲರೆದುರು ಬಳಸಿದ್ದಕ್ಕೆ ಪೇಟೆಂಟ್ ಕೊಡಬಾರದೆಂದು ಕಾನೂನಿದೆಯಂತೆ. ನಾವು ದೈವಕ್ಕೆ ಕೊಟ್ಟದ್ದನ್ನೇ ಹಿಡಿದು ನಮ್ಮ ಕತ್ತು ಹಿಸುಕಿದ.

ವಿಚಾರಣೆಗೆ ಕಲ್ಕತ್ತಕ್ಕೆ ಹೋಗಬೇಕಾಯಿತು. ನಾನೂ ಹೊರಟೆ. ಬೇಡವೆಂದರು, ಕೇಳಲಿಲ್ಲ. ಮಂಗಳೂರಿಗೆ ಬಸ್ಸು, ಅಲ್ಲಿಂದ ಮದರಾಸಿಗೆ ರೈಲು, ಮತ್ತೆ ಕಲ್ಕತ್ತಕ್ಕೆ ಇನ್ನೊಂದು ರೈಲು. ಮದರಾಸಿನಿಂದ ಏಜೆಂಟರು ನಮ್ಮ ಜೊತೆಗಿದ್ದರು. ರೈಲಿನಲ್ಲಿಯೇ ದಾರಿಯೊಂದನ್ನು ಹೇಳಿಕೊಟ್ಟರು. ಸ್ವತಃ ಕಂಡುಹಿಡಿದವನು ಪರೀಕ್ಷೆ ಮಾಡಿ ನೋಡಲು ಉಪಯೋಗಿಸಿದ್ದರೆ ಅದಕ್ಕೆ ವಿನಾಯಿತಿ ಕೇಳಬಹುದು. ಚಾವಡಿಗೆ ಎಳೆದದ್ದು ಪರೀಕ್ಷೆಗಾಗಿ, ಆಗ ವಯರಿನ ಕೆಲಸ ಇನ್ನೂ ಮುಗಿದಿರಲಿಲ್ಲ ಎಂದು ಹೇಳಿದರೆ ಸಾಕು.

ಇವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, "ಪರೀಕ್ಷೆಗೆ ಅಲ್ಲ. ಒಪ್ಪಿಸ್ಲಿಕ್ಕೆ."

"ಅದು ನಮ್ಗೆ ಗೊತ್ತುಂಟು. ಅವರಿಗೆ ಎಂತ ಗೊತ್ತು?" ಎಂದೆ ನಾನು.

"ಅರ್ಧ ಆದದ್ದನ್ನು ದೈವಕ್ಕೆ ಕೊಡ್ಲಿಕ್ಕುಂಟಾ? ನೀನೇ ಹೇಳು."

ಕೊಡಲಿಕ್ಕಿಲ್ಲ ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ವಿಚಾರಣೆ ಮಾಡಿದ ಅಧಿಕಾರಿ ವಯಸ್ಸಾದವರು, ಒಳ್ಳೆಯ ಮನುಷ್ಯ. ನನ್ನನ್ನೂ ಒಳಗೆ ಕೂರಲು ಬಿಟ್ಟರು. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅವರು ಎಲ್ಲವನ್ನೂ ಕೇಳಿ, ಕೊನೆಗೆ ನಿಧಾನವಾಗಿ ಇವರನ್ನು ಕೇಳಿದರು, ಆ ದಿನ ನಿಮ್ಮ ವಯರ್ ಇನ್ನೂ ಪ್ರಯೋಗದ ಹಂತದಲ್ಲಿತ್ತೇ ಎಂದು. ಕೇಳಿದ ರೀತಿಯಲ್ಲಿಯೇ ಇವರಿಗೊಂದು ಬಾಗಿಲು ತೆರೆದಿಟ್ಟಿದ್ದರು. ಏಜೆಂಟರು ಕೆಮ್ಮಿದರು. ಎದುರಿಗೆ ದಾಮೋದರ ಬಿಳಿ ಅಂಗಿ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ.

"ಇಲ್ಲ ಸ್ವಾಮಿ. ಪೂರ್ತಿಯಾಗಿತ್ತು," ಎಂದರು ಇವರು.

ಅಷ್ಟೇ. ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಪೇಟೆಂಟ್ ಸಿಗಲಿಲ್ಲ. ಆ ವಯರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಮಾಡಬಹುದು ಎಂದಾಯಿತು.

ಹೊರಗೆ ಮೆಟ್ಟಿಲ ಹತ್ತಿರ ದಾಮೋದರ ನಮ್ಮ ಬಳಿ ಬಂದ. "ಬೇಜಾರು ಮಾಡ್ಬೇಡಿ ಅಕ್ಕ. ಇದು ವ್ಯಾಪಾರ. ಭಾವನಿಗೆ ನಮ್ಮಲ್ಲೇ ಒಳ್ಳೆ ಕೆಲಸ ಕೊಡುವ," ಎಂದ.

"ನೀನು ನಮ್ಮ ಮನೆಯಲ್ಲಿ ಉಂಡವ," ಎಂದೆ. "ನನ್ನನ್ನು ಅಕ್ಕ ಅಂತ ಕರೀಬೇಡ." ಇನ್ನೂ ಹೇಳುವವಳಿದ್ದೆ. ಇವರು ನನ್ನ ಕೈಹಿಡಿದು ಎಳೆದುಕೊಂಡು ಹೋದರು. ಅಷ್ಟು ದೂರ ಹೋಗಿ ಅವನಿಗೆ ನೆಟ್ಟಗೆ ನಾಲ್ಕು ಬೈಯಲೂ ಬಿಡಲಿಲ್ಲ.

ಊರಿಗೆ ಬಂದರೆ ಎಲ್ಲರದೂ ಒಂದೇ ಮಾತು. "ದೈವ ನೋಡ್ತದೆ, ಅವನನ್ನು ಬಿಡುದಿಲ್ಲ." ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ದಾಮೋದರನಿಗೆ ಏನೂ ಆಗಲಿಲ್ಲ. ಎರಡು ಅಂತಸ್ತಿನ ಮನೆ ಕಟ್ಟಿದ, ಕಾರು ತಂದ. ಕಡಬದ ಶೆಡ್ಡಿನ ಮಾತು ಅಲ್ಲಿಗೇ ನಿಂತಿತು. ದರ್ಬೆಯ ಅಂಗಡಿಗಳಲ್ಲೆಲ್ಲ ಅವನದೇ ವಯರ್. ಗಿರಾಕಿಗಳು ನಮ್ಮ ಅಂಗಡಿಗೆ ಬಂದು ಅದನ್ನೇ ಕೇಳುತ್ತಿದ್ದರು. ಇವರು ಒಮ್ಮೆ ಒಂದು ತುಂಡು ತಂದು ದೀಪಕ್ಕೆ ಹಿಡಿದರು. ದೀಪ ತೆಗೆದ ಮೇಲೂ ಅದು ಉರಿಯುತ್ತಲೇ ಹೋಯಿತು. ಬಿಳಿ ಪುಡಿ ದುಬಾರಿಯಲ್ಲವೇ, ಅವನು ಅದಕ್ಕೆ ಬದಲು ಸೀಮೆಸುಣ್ಣದ ಪುಡಿ ತುಂಬಿಸಿದ್ದ. ಇವರು ಅವನಿಗೆ ಹೇಳಿಕಳಿಸಿದರು. ನಿಮಗೇನು ಹಕ್ಕುಂಟು ಎಂದು ಉತ್ತರ ಬಂತು. ಹಕ್ಕು ಇರಲಿಲ್ಲ, ನಿಜ.

ಮರುವರ್ಷ ಸುಳ್ಯದಲ್ಲಿ ಇದಿನಬ್ಬ ಎಂಬ ಬ್ಯಾರಿ ವ್ಯಾಪಾರಿಯ ಜವಳಿ ಅಂಗಡಿಗೆ ಬೆಂಕಿ ಬಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಹೋಗಿದ್ದರಿಂದ ಜೀವ ಉಳಿಯಿತು. ಬಟ್ಟೆಯ ಕಟ್ಟುಗಳೆಲ್ಲ ಬೂದಿಯಾದವು. ಮರುದಿನ ಅವರು ಬಸ್ಸು ಹತ್ತಿ ನೇರ ನಮ್ಮ ಅಂಗಡಿಗೆ ಬಂದರು. ನಾನು ಬುತ್ತಿ ಕೊಡಲು ಅಲ್ಲಿಗೆ ಹೋಗಿದ್ದೆ.

"ಪುರಂದರಣ್ಣ, ನಿಮ್ಮ ವಯರ್ ಅಂತ ನಂಬಿ ಹಾಕಿಸಿದ್ದು ನಾನು. ಬೆಂಕಿ ಹಿಡಿಯುದಿಲ್ಲ ಅಂತ ಊರಿಡೀ ಹೇಳಿದ್ರಲ್ಲ," ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. "ಅದು ನಮ್ಮದಲ್ಲ ಬ್ಯಾರಿಗಳೇ. ನಮ್ಮದಲ್ಲ ಅಂತ ಕಲ್ಕತ್ತದಲ್ಲಿ ತೀರ್ಪಾಗಿದೆ. ಹೋಗಿ ಮಂಗಳೂರಿನಲ್ಲಿ ಕೇಳಿ," ಎಂದೆ.

ಇವರು ಬ್ಯಾರಿಗಳನ್ನು ಕೂರಿಸಿ ನೀರು ಕೊಟ್ಟರು. ಮನೆಗೆ ಬಂದು ಉಳಿದಿದ್ದ ರಬ್ಬರ್ ಹಾಲು, ಮೇಣ, ಪುಡಿ ಎಲ್ಲ ತೆಗೆದು ಮತ್ತೆ ನನ್ನ ಒಲೆಯ ಮುಂದೆ ಕೂತರು. ಬ್ಯಾರಿಗಳ ಸುಟ್ಟ ಅಂಗಡಿಗೆ ಹೊಸ ಮಾಡು ಹಾಕುವಷ್ಟರಲ್ಲಿ ಬೇಕಾದಷ್ಟು ವಯರ್ ತಯಾರಾಯಿತು. ಸುಳ್ಯಕ್ಕೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೆಸರು ಕೊಡುವಾಗ ನಿಮ್ಮದಲ್ಲ. ಬೈಗುಳಕ್ಕೆ ಮಾತ್ರ ನಿಮ್ಮದಾ? ಯಾಕೆ ಹೋಗುದು ನೀವು?"

"ಕಂಡುಹಿಡಿದದ್ದು ನಾನೇ ಅಲ್ವಾ," ಎಂದು ವಯರಿನ ಸುರುಳಿಯನ್ನು ಹೆಗಲಿಗೆ ಏರಿಸಿಕೊಂಡರು.

ಇವರು ತೀರಿಕೊಂಡು ಬಹಳ ಕಾಲವಾಯಿತು. ಯಾರ ಮೇಲೂ ದ್ವೇಷವಿಲ್ಲದೆ ಹೋದರೆಂದು ಜನ ಹೊಗಳುತ್ತಾರೆ. ಅದು ನಿಜ. ಆದರೆ ಇವರ ಪಾಲಿನ ಸಿಟ್ಟನ್ನೂ ಸೇರಿಸಿ ನಾನೊಬ್ಬಳೇ ಹೊತ್ತಿದ್ದೇನೆ. ಇಷ್ಟು ವಯಸ್ಸಾಯಿತು, ಇನ್ನಾದರೂ ಬಿಟ್ಟುಬಿಡಿ ಎನ್ನುತ್ತಾರೆ ಮಕ್ಕಳು. ನಾನು ಬಿಡುವುದಿಲ್ಲ. ನಾನೂ ಬಿಟ್ಟರೆ, ಇವರಿಗೆ ಅನ್ಯಾಯವಾಯಿತು ಎಂದು ಹೇಳಲು ಯಾರೂ ಉಳಿಯುವುದಿಲ್ಲ.